ಒಂದನೇ ಹಗ್ಗ

ಅಕ್ಟೋಬರ್ ತಿಂಗಳು, ಮಂಗಳವಾರ, ಸಂಜೆ ಏಳೂವರೆ. ಊಸ್ ನದಿಯಿಂದ ಮಂಜು ಎದ್ದು ಯಾರ್ಕ್ ಪಟ್ಟಣದ ಓಣಿಗಳಿಗೆ ನುಗ್ಗುವ ಹೊತ್ತು. ಐವತ್ತಾರನೇ ಇಸವಿ. ನನಗೆ ಇಪ್ಪತ್ತೊಂದು.

ನಮ್ಮ ಚರ್ಚಿನ ಗಂಟೆಗೋಪುರದ ಕೋಣೆಯಲ್ಲಿ ನಾನು ಮೊಣಕಾಲೂರಿ ಕೂತು ಹಗ್ಗದ ಕೆಳಗಿನ ಚಾಪೆಗಳನ್ನು ಗುಡಿಸುತ್ತಿದ್ದೆ. ಮೈಯಲ್ಲಿ ಇನ್ನೂ ಚಾಕಲೇಟಿನ ವಾಸನೆ. ಹದಿನೈದಕ್ಕೆ ಶಾಲೆ ಬಿಟ್ಟು ಚಾಕಲೇಟ್ ಕಾರ್ಖಾನೆ ಸೇರಿದವಳು ನಾನು. ಊರಿಗೆ ಕ್ರಿಸ್‌ಮಸ್ ಬರುವ ಮೊದಲೇ ನಮ್ಮ ಕೈಗೆ ಈಸ್ಟರ್ ಮೊಟ್ಟೆ ಬಂದಿರುತ್ತಿತ್ತು, ಡಬ್ಬಿಗೆ ತುಂಬೋದಕ್ಕೆ.

ಸುತ್ತುಮೆಟ್ಟಿಲ ಮೇಲೆ ಬೂಟಿನ ಸದ್ದು. ಆಮೇಲೆ ಒಂದು ತಲೆ, ಆಮೇಲೆ ಬಾಗಿಲಿಗೆ ಅಗಲವಾದ ಒಂದು ಜೊತೆ ಭುಜ.

"ಗಂಟೆ ಎಳೆಯೋರು ಇನ್ನೂ ಬಂದಿಲ್ವಾ?"

"ಬಂದಿದ್ದಾರಲ್ಲ."

ಅವನು ಸುತ್ತಲೂ ನೋಡಿದ. "ಎಲ್ಲಿ?"

"ಪೊರಕೆ ಹಿಡ್ಕೊಂಡಿದ್ದಾರೆ."

ಕಿವಿ ಎರಡೂ ಕೆಂಪಾದವು. ಗಂಡಸರ ಕಿವಿ ಅಷ್ಟು ಕೆಂಪಾಗುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹೆಸರು ಅಲೆಕ್ ರೈಸ್ಟ್ರಿಕ್ ಅಂದ. ರೈಲುಬೋಗಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ, ಊರು ವಿಟ್ಬಿ, ಸಮುದ್ರದ ಕಡೆ. "ನಮ್ಮ ಗೋಪುರದಲ್ಲಿ ಹೆಂಗಸರು…" ಅಂತ ಶುರುಮಾಡಿ ನಿಲ್ಲಿಸಿದ.

"ಚಹಾ ಮಾಡ್ತಾರಾ?"

"ಹೌದು."

"ಇಲ್ಲಿ ಹೊಸಬರು ಮಾಡ್ತಾರೆ. ಕೆಟಲ್ ಆ ಕಪಾಟಿನಲ್ಲಿದೆ. ಒಂದನೇ ಹಗ್ಗ ನಂದು. ಐದನೇದು ಖಾಲಿ ಇದೆ, ಎಳೆಯೋಕೆ ಬಂದ್ರೆ ನಿಮ್ಮದು."

ಕೆಟಲ್ ತೆಗೆದು ಚಹಾ ಮಾಡಿದ. ಅಷ್ಟು ಕೆಟ್ಟ ಚಹಾ ನಾನು ಅದಕ್ಕೆ ಮುಂಚೆ ಕುಡಿದಿರಲಿಲ್ಲ. ಅರವತ್ತು ವರ್ಷ ದಿನವೂ ಕುಡಿದೆ, ಕೊನೆಯವರೆಗೂ ಅದು ಸುಧಾರಿಸಲೇ ಇಲ್ಲ.

ನಾವು ಆರು ಜನ. ಗೋಪುರಕ್ಕೆ ಯಜಮಾನ ನಮ್ಮಪ್ಪ, ಹರ್ಬರ್ಟ್ ಥ್ಯಾಕ್ರೆ. ರೈಲ್ವೆ ಸಿಗ್ನಲ್ ಮನೆಯಲ್ಲಿ ಕೆಲಸ, ಕಣ್ಣಿಗೆ ಒಂದೂ ತಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಭಾರದ ಆರನೇ ಗಂಟೆ ಅವನದು. ಎರಡು, ಮೂರು ಬಿನ್ಸ್ ಅಣ್ಣತಮ್ಮಂದಿರದು. ಮಾಂಸದಂಗಡಿಯವರು, ಬಾಯಿಬಿಡದ ಜನ. ನಾಲ್ಕು ಲಮ್ಲಿ ತಾತನದು.

ಗೋಡೆಯ ಮೇಲೆ ಅಪ್ಪನ ಕೈಬರಹದ ಹಲಗೆ. ಅಲೆಕ್ ಕಪ್ಪು ಹಂಚುತ್ತಾ ಅದನ್ನು ಗಟ್ಟಿಯಾಗಿ ಓದಿದ. "ಒಂದು, ಕುಡಿದು ಬರಕೂಡದು. ಎರಡು, ತಡವಾಗಿ ಬರಕೂಡದು. ಮೂರು, ಇಲ್ಲಿ ಪ್ರೀತಿಗೆ ಬಿದ್ದವರಲ್ಲಿ ಒಬ್ಬರು ಹಗ್ಗ ಬಿಡತಕ್ಕದ್ದು." ತಲೆ ಎತ್ತಿದ. "ಮೂರನೇದು ಯಾಕೆ?"

"ಚಹಾ ಕುಡಿ ಮಗಾ," ಅಂದ ಲಮ್ಲಿ ತಾತ.

ಗಂಟೆ ಎಳೆಯೋದು ಕಿವಿಯ ಕೆಲಸ ಅಂತ ಜನ ತಿಳಿದಿದ್ದಾರೆ. ಅದಕ್ಕಿಂತ ಹೆಚ್ಚು ಕಣ್ಣಿನ ಕೆಲಸ. ಆರು ಜನ ದುಂಡಗೆ ನಿಲ್ಲಬೇಕು. ಒಂದೊಂದು ಸುತ್ತಿಗೂ ಗಂಟೆಗಳ ಸರದಿ ಬದಲಾಗುತ್ತದೆ. ನನ್ನ ಮುಂದೆ ಯಾರ ಗಂಟೆಯೋ ಅವರ ಕೈ ನೋಡಿ ನಾನು ಎಳೆಯಬೇಕು. ಮುಂದಿನ ಸುತ್ತಿಗೆ ಇನ್ನೊಬ್ಬರ ಕೈ. ಎದುರಿಗೆ ಕಾಗದ ಇಲ್ಲ. ನಡುನಡುವೆ ಯಜಮಾನ ಒಂದು ಕರೆ ಕೂಗುತ್ತಾನೆ, ಆಗ ಸರದಿ ಹೊಸ ದಾರಿ ಹಿಡಿಯುತ್ತದೆ. ಆ ಕರೆ ತಪ್ಪಿತೋ, ಗಂಟೆಗಳು ಅರ್ಧ ದಾರಿಯಿಂದಲೇ ಹೊರಟಲ್ಲಿಗೆ ವಾಪಸು ಬಂದುಬಿಡುತ್ತವೆ, ಎಲ್ಲ ಹಾಳು.

ಹಾಗಾಗಿ ಅಲೆಕ್‌ನನ್ನು ನೋಡೋದು ನನ್ನ ಕೆಲಸವೇ ಆಗಿತ್ತು. ಸುತ್ತಿಗೊಂದು ಕ್ಷಣ, ಅವನ ಸರದಿ ಬಂದಾಗ. ಅವನಿಗೂ ಹಾಗೇ. ಆ ಕ್ಷಣಕ್ಕೆ ಅವನು ಒಂದು ಹುಬ್ಬು ಎತ್ತುತ್ತಿದ್ದ, ಕೂದಲೆಳೆಯಷ್ಟು. ನಾನು ತುಟಿ ಕಚ್ಚಿ ಬಿನ್ಸ್ ಕಡೆ ತಿರುಗುತ್ತಿದ್ದೆ. ಬಿನ್ಸ್ ಮುಖ ನೋಡಿದರೆ ಯಾರಿಗೂ ನಗು ನಿಲ್ಲುತ್ತದೆ.

ನವೆಂಬರಿನಲ್ಲಿ ಯುದ್ಧದಲ್ಲಿ ಸತ್ತವರ ಭಾನುವಾರ. ಹಿಂದಿನ ಮಧ್ಯಾಹ್ನ ಗಂಟೆಯ ನಾಲಿಗೆಗಳಿಗೆ ಒಂದು ಪಕ್ಕ ತೊಗಲು ಕಟ್ಟೋಕೆ ನಾವಿಬ್ಬರೂ ಮೇಲೆ ಹತ್ತಿದೆವು. ಹಾಗೆ ಕಟ್ಟಿದರೆ ಒಂದು ಏಟು ಜೋರು, ಮುಂದಿನದು ದೂರದ ಊರಿಂದ ಬಂದ ಹಾಗೆ. ಅಲೆಕ್ ಐದನೇ ಗಂಟೆಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದ. "ನಮ್ಮಣ್ಣನಿಗೆ," ಅಂದ. "ಹಡಗಿನಲ್ಲಿದ್ದ." ನಾನು ಒಂದನೆಯದಕ್ಕೆ ಕಟ್ಟಿ, "ನಮ್ಮಮ್ಮನಿಗೆ," ಅಂದೆ.

ಕ್ರಿಸ್‌ಮಸ್ ಮರುದಿನ, ಬಾಕ್ಸಿಂಗ್ ಡೇ, ರಗ್ಬಿ ಪಂದ್ಯಕ್ಕೆ ಹೋದೆವು. ಮಣ್ಣೋ ಮಣ್ಣು, ಯಾರು ನಮ್ಮವರು ಅಂತಲೇ ತಿಳಿಯದು. ಎದುರಾಳಿಗೆ ಚಪ್ಪಾಳೆ ತಟ್ಟಿದ್ದಕ್ಕೆ ಹಿಂದಿನ ಮುದುಕಿಯೊಬ್ಬಳು ಅಲೆಕ್‌ನ ಟೋಪಿ ಎಳೆದು, "ಹುಡುಗಿ ಮುಖ ನೋಡ್ತಾ ಪಂದ್ಯ ನೋಡಬೇಡವೋ," ಅಂದಳು. ಉಪವಾಸಕ್ಕೆ ಮುಂಚಿನ ಪ್ಯಾನ್‌ಕೇಕ್ ಮಂಗಳವಾರ ಅವನು ತವೆಯಿಂದ ದೋಸೆ ಹಾರಿಸಿದ, ಅದು ನಮ್ಮ ಅಡುಗೆಮನೆಯ ಬಟ್ಟೆ ಒಣಹಾಕುವ ಗಳುವಿನ ಮೇಲೆ ಕೂತಿತು. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅದು ನನ್ನ ಷರ್ಟು," ಅಂದ ಅಷ್ಟೆ.

ಈಸ್ಟರಿಗೆ ಮುಂಚಿನ ವಾರ ಗಂಟೆಗಳಿಗೆ ಮೌನ. ಎಳೆಯೋರಿಗೆ ಕೆಲಸವಿಲ್ಲ. ಕೋಟೆಗೋಡೆಯ ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಹೂವು. ಗೋಡೆಯ ಮೇಲೆ ನಡೆಯುತ್ತಾ ಅಲೆಕ್ ಹೇಳಿದ, "ಒಂದು ವಾರ ನಿನ್ನ ನೋಡೋಕೆ ನೆಪ ಇಲ್ದೇ ಹೋಯ್ತು."

"ಈಗ ನೋಡ್ತಿರೋದು ಏನು ಮತ್ತೆ?"

"ಇದು ನೆಪ ಇಲ್ದೇ ನೋಡ್ತಿರೋದು. ಇದೇ ಚೆನ್ನಾಗಿದೆ ಎನಿಡ್."

ನಾನು ಅವನ ಕೈ ಹಿಡಿದೆ. ಮೊದಲು ಹಿಡಿದಿದ್ದು ನಾನೇ. ಹಗ್ಗದ ಕೈ, ಇಬ್ಬರದೂ ಒರಟು. ಬಿಡಬೇಕು ಅನ್ನಿಸಲಿಲ್ಲ.

ಈಸ್ಟರ್ ಬೆಳಿಗ್ಗೆ ಊರಿಗೆ ಊರೇ ಹೊಸ ಬಟ್ಟೆಯಲ್ಲಿ ಬೀದಿಗಿಳಿದಿತ್ತು. ಹತ್ತು ನಿಮಿಷ ಚೆನ್ನಾಗಿಯೇ ಎಳೆದೆವು. ಆಮೇಲೆ ನಾನು ಲಮ್ಲಿ ತಾತನ ಕೈ ನೋಡಬೇಕಾದಲ್ಲಿ ಅಲೆಕ್‌ನ ಕೈ ನೋಡಿದೆ. ಎರಡು ಗಂಟೆ ಒಂದರ ಮೇಲೊಂದು ಬಿದ್ದವು, ಅಡುಗೆಮನೆಯ ಅಟ್ಟ ಕುಸಿದ ಹಾಗೆ. ಬೇರೆ ಹುಡುಗಿಯರ ಪ್ರೀತಿ ಓಣಿಗೆ ಗೊತ್ತಾಗುತ್ತದೆ. ನನ್ನದು ನದಿಯ ಆಚೆ ದಡಕ್ಕೂ ಕೇಳಿಸಿತು.

ಅಪ್ಪ ನಿಲ್ಲಿಸಿದ. "ಯಾರನ್ನು ನೋಡ್ತಿದ್ದೆ?"

"ಅಲೆಕ್‌ನ."

"ಯಾರನ್ನು ನೋಡ್ಬೇಕಿತ್ತು?"

"ಲಮ್ಲಿ ತಾತನ್ನ."

"ನನ್ನ ನೋಡು ಅಂದ್ರೆ ಯಾರಿಗೆ ಮನಸ್ಸು ಬರತ್ತೆ ಹರ್ಬರ್ಟ್," ಅಂದ ತಾತ.

ಅಪ್ಪ ಹಲಗೆಯ ಕಡೆ ಬೆರಳು ತೋರಿಸಿದ. "ಒಬ್ಬರು ಹೋಗಿ."

ಅಲೆಕ್ ಟೋಪಿ ತಗೊಂಡ. "ನಾನು ಹೋಗ್ತೀನಿ ಸರ್."

"ನೀನು ಆ ಮೆಟ್ಟಿಲು ಇಳಿದ್ರೆ ನಮ್ಮನೆ ಬಾಗಿಲು ತಟ್ಟಬೇಡ," ಅಂದೆ.

"ಹಾಗಾದ್ರೆ ನೀನು ಹೋಗು," ಅಂದ ಅಪ್ಪ.

"ನಾನೂ ಹೋಗಲ್ಲ. ಹಗ್ಗವೂ ನಂದೇ, ಅವನೂ ನನ್ನವನೇ."

ಅಪ್ಪ ನನ್ನ ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ ಸೂರಿಗೆ ಏರಿಸಿಬಿಟ್ಟ. ಕೈಗೆ ಎಟುಕದ ಹಾಗೆ.

ಮುಂದಿನ ಮಂಗಳವಾರ ಏಳೂವರೆಗೆ ನಾನು ಹೋಗಿ ನನ್ನ ಚಾಪೆಯ ಮೇಲೆ ನಿಂತೆ. ತಲೆಯ ಮೇಲೆ ಹಗ್ಗ, ಕೆಳಗೆ ನಾನು, ಎರಡು ಕೈ ಎದೆಯ ಮಟ್ಟಕ್ಕೆ. ಐದು ಗಂಟೆ ಮೊಳಗಿದವು. ನಾನು ಗಾಳಿ ಎಳೆದೆ. ಭಾನುವಾರವೂ ಹೋದೆ. ಏಪ್ರಿಲ್ ಹೋಗಿ ಮೇ ಬಂತು, ಜೂನ್ ಬಂತು. ಕಾರ್ಖಾನೆಯಲ್ಲಿ ಹುಡುಗಿಯರು, "ಏನೇ, ಇವತ್ತು ಎಷ್ಟು ಗಾಳಿ ಎಳೆದೆ?" ಅನ್ನುತ್ತಿದ್ದರು. "ನಿಮ್ಮ ಗಂಡಂದಿರು ಬಿಡೋದಕ್ಕಿಂತ ಕಡಿಮೆ," ಅನ್ನುತ್ತಿದ್ದೆ.

ಎಳೆಯುವಾಗ ಅಲೆಕ್ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮೊದಲ ವಾರ ಅದು ಚುಚ್ಚಿತು. ಆಮೇಲೆ ತಿಳಿಯಿತು: ಅವನು ಒಂದೇ ಒಂದು ತಪ್ಪು ಮಾಡಿದರೂ ಅಪ್ಪನ ಮೂರನೇ ಸಾಲು ನಿಜವಾಗುತ್ತಿತ್ತು. ಹಠ ನನ್ನೊಬ್ಬಳದೇ ಆಗಿರಲಿಲ್ಲ.

ಹಾಗೆ ಸುಮ್ಮನೆ ನಿಂತವಳಿಗೆ ಒಂದು ಲಾಭವಾಯಿತು. ಕೈಗೆ ಕೆಲಸವಿಲ್ಲದ್ದರಿಂದ ಕಿವಿ ಪೂರಾ ಖಾಲಿ. ಅಪ್ಪನ ಕರೆಗಳು ಯಾವ ಸುತ್ತಿಗೆ ಯಾವುದು ಅಂತ ಒಂದೊಂದೂ ಬಾಯಿಪಾಠವಾದವು.

"ತಾತ, ಮೂರನೇ ರೂಲು ಯಾವಾಗ ಬಂತು?" ಅಂತ ಒಂದು ದಿನ ಲಮ್ಲಿ ತಾತನನ್ನು ಕೇಳಿದೆ.

"ನಲವತ್ತೆರಡರಲ್ಲಿ. ಆ ಬಾಂಬ್ ದಾಳಿಯಲ್ಲಿ ನಿಮ್ಮಮ್ಮ ಹೋದ ಮೇಲೆ." ತಾತ ಪೈಪು ತಟ್ಟಿದ. "ಒಂದನೇ ಹಗ್ಗ ಅವಳದೇ ಇತ್ತಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡಿದ್ದೇ ಈ ಕೋಣೆಯಲ್ಲಿ. ಅವಳು ಸತ್ತಾಗ ಯುದ್ಧದ ಕಟ್ಟಳೆ, ದೇಶದ ಗಂಟೆಗಳೆಲ್ಲ ಮೂಕ. ಅವಳಿಗೋಸ್ಕರ ಗಂಟೆ ಒಂದು ಏಟೂ ಹೊಡೆಯೋಕಾಗಲಿಲ್ಲ ನಿಮ್ಮಪ್ಪನಿಗೆ."

ಕೇಳಿ ಮನಸ್ಸು ಕರಗಿತು. ಹಠ ಕರಗಲಿಲ್ಲ.

ಜೂನಿನಲ್ಲಿ ಗಂಟೆಯವರಿಗೂ ಚರ್ಚಿನಲ್ಲಿ ಹಾಡುವವರಿಗೂ ಪ್ರತಿವರ್ಷದ ಕ್ರಿಕೆಟ್. ಅಪ್ಪ ಅಂಪೈರ್, ನಾನು ಸ್ಕೋರ್ ಹಲಗೆಗೆ ಅಂಕಿ ನೇತುಹಾಕುವವಳು. ಚೆಂಡು ಅಲೆಕ್‌ನ ಕಾಲಿಗೆ ಬಡಿಯಿತು, ವಿಕೆಟ್ಟಿನಿಂದ ಒಂದು ಗಜ ಆಚೆ. ಅಪ್ಪ ಬೆರಳೆತ್ತಿದ.

ನಾನು ಅಂಕಿ ಬದಲಾಯಿಸಲಿಲ್ಲ.

"ಎನಿಡ್, ವಿಕೆಟ್ ಹಾಕು!"

"ಔಟಲ್ಲ ಅದು!"

"ಅಂಪೈರ್ ಯಾರು?"

"ಕಣ್ಣು ಕಾಣೋರು ಯಾರು?"

ಆಟ ನಿಂತಿತು. ಸ್ಯಾಂಡ್‌ವಿಚ್ ಹಿಡಿದ ಪಾದ್ರಿಗಳು ಎದ್ದು ನಿಂತರು. ನಾನು ಹುಲ್ಲು ದಾಟಿ ಅಪ್ಪನ ಎದುರಿಗೆ ಹೋದೆ. "ಅಕ್ಟೋಬರಿನ ಸುಗ್ಗಿ ಭಾನುವಾರ ನನ್ನ ಹಗ್ಗ ಇಳಿಸು. ಮುಕ್ಕಾಲು ಗಂಟೆ ನಿಲ್ಲದೆ ಎಳೀತೀವಿ, ಇವನೂ ನಾನೂ ಎದುರೆದುರಿಗೇ ನಿಂತು. ಒಂದು ತಪ್ಪಾದ್ರೆ ನಾನೇ ಇಳಿದು ಹೋಗ್ತೀನಿ, ಮತ್ತೆ ಹತ್ತಲ್ಲ. ತಪ್ಪಾಗದಿದ್ರೆ ನೀನು ಆ ಮೂರನೇ ಸಾಲು ಅಳಿಸು."

ಅಪ್ಪನಿಗೆ ಎಲ್ಲರ ಎದುರು ಹಿಂದೆ ಸರಿಯಲು ಆಗಲಿಲ್ಲ. "ತಪ್ಪು ಯಾರದಾದ್ರೂ ಆಗ್ಲಿ," ಅಂದ, "ಕಣ್ಣು ತಪ್ಪಿದೋರು ಗೋಪುರ ಬಿಡ್ಬೇಕು. ಇದು ಮಾತು."

"ಮಾತು," ಅಂದೆ.

ಆ ಬೇಸಿಗೆ ಹಾಳುಬಿದ್ದ ಮಠದ ಅಂಗಳದಲ್ಲಿ ಊರವರೇ ಆಡುವ ದೇವರ ನಾಟಕ ಬಂತು. ಅಲೆಕ್ ನರಕದ ಪಿಶಾಚಿಗಳಲ್ಲಿ ಒಬ್ಬ. "ಸರಿಯಾದ ಪಾತ್ರ," ಅಂದ ಅಪ್ಪ. ಆಗಸ್ಟಿನಲ್ಲಿ ಕುದುರೆ ರೇಸು. ಬೇಲಿಗೆ ಒರಗಿ ನಿಂತು ಓಡುವ ಕುದುರೆಗಳ ಸರದಿಯನ್ನೇ ಗಂಟೆ ಸರದಿಯ ಹಾಗೆ ಇಬ್ಬರೂ ಕೂಗಿ ಅಭ್ಯಾಸ ಮಾಡಿದೆವು.

"ಸುಗ್ಗಿ ದಿನ ತಪ್ಪಾದ್ರೆ?" ಅಂದ ಅಲೆಕ್.

"ಆಗಲ್ಲ."

"ಆದ್ರೆ?"

"ಹಗ್ಗ ಹೋಗತ್ತೆ. ನೀನು ಉಳೀತೀಯ."

"ನಿನಗೆ ಹಗ್ಗ ಇಲ್ದೇ ನಾನು ಸಾಕಾಗ್ತೀನಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ," ಅಂದೆ. "ಅದಕ್ಕೇ ತಪ್ಪಾಗಬಾರದು." ಅವನು ನಕ್ಕು ನನ್ನ ಟೋಪಿಯನ್ನು ಕಣ್ಣಿನ ಮೇಲೆ ಎಳೆದ. "ತಪ್ಪಾಗಲ್ಲ ಬಿಡು, ಮಾರಾಯ್ತಿ. ಆಮೇಲೆ ಮದುವೆ ಆಗೋಣ."

ಸುಗ್ಗಿ ಭಾನುವಾರ ಮಧ್ಯಾಹ್ನ ಮೂರು. ಕೆಳಗೆ ಚರ್ಚಿನ ತುಂಬ ಗೋಧಿ ತೆನೆ, ಕುಂಬಳಕಾಯಿ, ಸೇಬು. ಓಣಿಯ ತುಂಬ ಜನ, ಕಾರ್ಖಾನೆಯ ಹುಡುಗಿಯರೂ ಬಂದಿದ್ದರು. ಅಪ್ಪ ನನ್ನ ಹಗ್ಗ ಇಳಿಸಿದ. ಐದು ತಿಂಗಳ ಮೇಲೆ ಅದರ ಉಣ್ಣೆಯ ಹಿಡಿ ಕೈಗೆ ಸಿಕ್ಕಿತು.

ಶುರುವಿಗೆ ಕೂಗೋದು ಒಂದನೇ ಹಗ್ಗದವರು. ಗಂಟೆ ನಮಗೆ ಹೆಣ್ಣು. "ನೋಡಿಕೊಳ್ಳಿ! ಹೊರಟಳು… ಹೋದಳು!"

ಹತ್ತು ನಿಮಿಷ. ಇಪ್ಪತ್ತು. ಅಲೆಕ್‌ನ ಸರದಿ ಬಂದಾಗ ಅವನನ್ನು ನೋಡಿದೆ, ಕಣ್ಣು ತುಂಬಾ, ಕದಿಯದೆ. ಅವನು ಹುಬ್ಬು ಎತ್ತಿದ. ನಾನು ನಕ್ಕೆ. ನಕ್ಕು, ಸರಿಯಾದ ಕ್ಷಣಕ್ಕೆ ಬಿನ್ಸ್ ಕಡೆ ತಿರುಗಿದೆ. ಗಂಟೆಗಳು ಸಾಲಾಗಿ ಬಿದ್ದವು.

ಆಗ ಅಪ್ಪನ ಕಡೆ ಕಣ್ಣು ಹೋಯಿತು. ಅವನು ನನ್ನನ್ನೇ ನೋಡುತ್ತಿದ್ದ. ಅವನ ಕೈ ತನ್ನಷ್ಟಕ್ಕೆ ಎಳೆಯುತ್ತಿತ್ತು. ಕರೆ ಬರಬೇಕಾದ ಸುತ್ತು ಬರುತ್ತಿತ್ತು. ನನಗೆ ಗೊತ್ತಿತ್ತು, ಬಾಯಿಪಾಠ ಆಗಿತ್ತಲ್ಲ. ಅವನು ಬಾಯಿ ತೆರೆಯಲಿಲ್ಲ.

ನಾನು ಕೂಗಿಬಿಡಬಹುದಿತ್ತು. ಒಂದು ಉಸಿರಿನ ಹೊತ್ತು ಇತ್ತು. ಕೂಗಲಿಲ್ಲ. ಇದನ್ನು ಅಲೆಕ್‌ಗೂ ನಾನು ಯಾವತ್ತೂ ಹೇಳಿಲ್ಲ.

ಗಂಟೆಗಳು ಅರ್ಧ ದಾರಿಯಿಂದ ಹೊರಟಲ್ಲಿಗೆ ವಾಪಸು ಬಂದವು.

"ನಿಲ್ಲಿಸಿ," ಅಂದ ಅಪ್ಪ.

"ಯಾರು ತಪ್ಪಿದ್ದು?" ಅಂದ ಕಿರಿಯ ಬಿನ್ಸ್. ಆ ವರ್ಷದಲ್ಲಿ ಅವನು ಆಡಿದ ಮೊದಲ ಮಾತು.

"ಕರೆ ಬರಲಿಲ್ಲ," ಅಂದ ಲಮ್ಲಿ ತಾತ ಮೆತ್ತಗೆ.

ಅಪ್ಪ ಹಗ್ಗವನ್ನು ನೀಟಾಗಿ ಸುತ್ತಿ ಕಟ್ಟಿದ.

"ಯಾರನ್ನು ನೋಡ್ತಿದ್ದೆ ಅಪ್ಪ?"

"ನಿನ್ನನ್ನ." ಹಗ್ಗದ ಗಂಟು ಇನ್ನೊಮ್ಮೆ ಬಿಗಿದ. "ಅಲ್ಲ. ನಿಮ್ಮಮ್ಮನ್ನ. ಅವಳೂ ನಕ್ಕೇ ಎಳೀತಿದ್ಲು."

ಅಲೆಕ್ ಮುಂದೆ ಬಂದ. "ಸರ್, ಇದೊಂದು ಸಲ…"

"ಮಾತು ಅಂದ್ರೆ ಮಾತು ಕಣಪ್ಪ." ಅಪ್ಪ ಕೋಟು ಹಾಕಿಕೊಂಡ. ಹಲಗೆಯನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮೆಟ್ಟಿಲ ಬಾಗಿಲಲ್ಲಿ ನಿಂತು, "ಒಂದನೇ ಹಗ್ಗದ ಚಾಪೆ ಸವೆದಿದೆ, ಬದಲಾಯಿಸಿ," ಅಂದ.

ಎಲ್ಲರೂ ನನ್ನ ಮುಖ ನೋಡಿದರು. ಬಾಯಿಬಿಟ್ಟು 'ಹೋಗಬೇಡ' ಅಂದಿದ್ದರೆ ನಿಲ್ಲುತ್ತಿದ್ದನೋ ಏನೋ. ಆದರೆ ಕ್ರಿಕೆಟ್ ದಿನ ಕೊಟ್ಟ ಮಾತು ಅವತ್ತು ಅವನಿಗೆ ಸಡಿಲವಾದರೆ, ನನಗೆ ಮಾತ್ರ ಬಿಗಿಯಾಗಿದ್ದ ಹಾಗೆ ಆಗುತ್ತಿತ್ತು. ಹಗ್ಗ ಹಿಡಿದೆ.

"ಆರನೇದು ಬಿಟ್ಟು ಐದು ಹಗ್ಗ. ಮತ್ತೆ ಮೊದಲಿಂದ," ಅಂದೆ. "ಕರೆ ನಾನು ಕೊಡ್ತೀನಿ."

"ನಿನಗೆ ಬರತ್ತಾ?" ಅಂದ ಅಲೆಕ್.

"ನೋಡಿಕೊಳ್ಳಿ!" ಅಂದೆ.

ಮುಕ್ಕಾಲು ಗಂಟೆ ಎಳೆದೆವು. ಒಂದು ಏಟೂ ತಪ್ಪಲಿಲ್ಲ. ಮುಗಿಸಿ ಕಿಟಕಿಗೆ ಹೋದರೆ, ಅಪ್ಪ ಓಣಿಯ ಗೋಡೆಗೆ ಒರಗಿ ನಿಂತಿದ್ದ, ಟೋಪಿ ಕೈಯಲ್ಲಿ. ಕೊನೆಯ ಏಟಿನವರೆಗೂ ಕೇಳಿದ್ದ. ಆಮೇಲೆ ಟೋಪಿ ಇಟ್ಟುಕೊಂಡು, ಹಲಗೆ ಸರಿಮಾಡಿಕೊಂಡು ನದಿಯ ಕಡೆ ನಡೆದ. ಮೇಲೆ ನೋಡಲಿಲ್ಲ.

ಮುಂದಿನ ಈಸ್ಟರ್ ಸೋಮವಾರ, ನಮ್ಮ ಮದುವೆಗೆ, ನನ್ನ ತೋಳು ಹಿಡಿದು ಚರ್ಚಿನೊಳಗೆ ಕರೆದುಕೊಂಡು ಬಂದವನು ಅವನೇ. ಆದರೆ ಗೋಪುರದ ಮೆಟ್ಟಿಲು ಮತ್ತೆ ಹತ್ತಲಿಲ್ಲ. ನಮ್ಮಪ್ಪ ಹರ್ಬರ್ಟ್ ಥ್ಯಾಕ್ರೆ ಗೋಪುರ ಬಿಟ್ಟುಹೋದದ್ದು ಐವತ್ತೇಳನೇ ಇಸವಿ, ಅಕ್ಟೋಬರ್ ಆರು, ಸುಗ್ಗಿ ಭಾನುವಾರ.