ಸ್ಲಾಬಿಗೆ ಸುರಿದ ನೀರು

"ಇನ್ನೊಂದು ಬಕೆಟ್ ತಗಂಬಾ ಪಲ್ಲವಿ! ಈ ಮೂಲಿ ಇನ್ನಾ ಕಾದ ಹಂಚು ಆಗೈತಿ!" ಅಮ್ಮ ಮೇಲಿನಿಂದ ಕೂಗಿದಳು.

ಪಲ್ಲವಿ ಏದುಸಿರು ಬಿಡುತ್ತಾ ಏಣಿ ಹತ್ತಿದಳು. ಅರ್ಧ ನೀರು ಬಕೆಟ್‌ನಲ್ಲಿ, ಅರ್ಧ ಅವಳ ಲಂಗದ ಮೇಲೆ. ಅಮ್ಮ ಆದಿಲಕ್ಷ್ಮಿ ಬಕೆಟ್ ಕಿತ್ತುಕೊಂಡು ಸ್ಲಾಬಿನ ಮೇಲೆ ಸುರಿದಳು. ಚುಂಯ್ ಎಂದಿತು. ನೋಡನೋಡುತ್ತಲೇ ನೀರು ಮಾಯ.

ಕೆಳಗೆ ಬಾಗಿಲ ಬಳಿ ಅಜ್ಜಿ ಮಹಾಂತಮ್ಮ ಗೋಡೆಗೆ ಒರಗಿ ಕೂತು ಹುಕುಂ ಮಾಡುತ್ತಿದ್ದಳು. "ಗೋಡಿಗೂ ಹೊಡೀರಿ! ಬಾಗಿಲಿಗೆ ಹಸಿ ಗೋಣಿಚೀಲ ಕಟ್ರಿ! ಬರೋರು ಬಿಸಿಲಾಗ ಬೆಂದು ಬರ್ತಾರ. ನಮ್ಮ ಮನ್ಯಾಗ ಕುಂತು ಉಸ್ಸಪ್ಪಾ ಅಂದ್ರ ನಮಗ ಮರ್ಯಾದೇನಾ?"

ಆಂಧ್ರದ ಗಡಿಯಲ್ಲಿರುವ ಪೆದ್ದಹರಿವಾಣದಲ್ಲಿ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ನೆಂಟರು ಬರುತ್ತಾರೆಂದರೆ ಮೊದಲು ಅಂಗಳಕ್ಕೆ ನೀರು ಚಿಮುಕಿಸುತ್ತಾರೆ, ಅಡುಗೆಯ ಮಾತು ಆಮೇಲೆ. ಈ ಸಲ ಬರುವವರು ಆಫೀಸರು. ಅಂಗಳ ಒಂದೇ ಸಾಕಾಗುತ್ತದೆಯೇ? ಸ್ಲಾಬಿಗೂ ಸುರಿಯಿರಿ ಎಂದು ಅಜ್ಜಿ ಹೇಳಿದ್ದೇ ತಡ, ಕಾಲನಿಯ ಆ ಸಾಲಿನ ಎಲ್ಲ ಮನೆಗಳಲ್ಲೂ ಬಕೆಟ್‌ಗಳು ಏಣಿ ಹತ್ತತೊಡಗಿದವು.

ಸುದ್ದಿ ತಂದವಳು ಪಲ್ಲವಿಯೇ. ಬೇಸಿಗೆಯೆಂದು ಒಂಟಿಪೂಟ ಬಡಿ, ಅಂದರೆ ಅರ್ಧ ದಿನದ ಶಾಲೆ, ನಡೆಯುತ್ತಿತ್ತು, ಮಧ್ಯಾಹ್ನಕ್ಕೇ ಮನೆಗೆ ಬಿಡುತ್ತಿದ್ದರು. ನಿನ್ನೆ ಬಿಡುವ ಮೊದಲು ವಾದೀಂದ್ರ ಮೇಷ್ಟ್ರು ಹೇಳಿದ್ದರು.

"ಸರಕಾರ ಕಾಲನಿ ಮನಿಗಳ ಸ್ಲಾಬಿಗೆ ಬಿಳಿ ಪೇಂಟ್ ಹೊಡಸ್ತೈತಿ. ಬಿದ್ದ ಬಿಸಿಲು ಹಂಗ ವಾಪಸ್ ಹೋಗ್ತೈತಿ, ಮನಿ ತಂಪಾಗ್ತೈತಿ. ಮನಿ ತಂಪಾದ್ರ ಫ್ಯಾನು, ಕೂಲರು ಕಡಿಮಿ ತಿರಗ್ತಾವ. ಕರೆಂಟ್ ಉಳೀತೈತಿ. ಕರೆಂಟ್ ಮಾಡಾಕ ಕಲ್ಲಿದ್ದಲು ಸುಡೋದೂ ಕಡಿಮಿ, ಹೊಗಿನೂ ಕಡಿಮಿ. ನಾಳೆ ಆಫೀಸರು ನಿಮ್ಮ ಕಾಲನಿ ನೋಡಾಕ ಬರ್ತಾರ."

ಪಲ್ಲವಿಗೆ ಕಲ್ಲಿದ್ದಲಿನ ಚಿಂತೆ ಇರಲಿಲ್ಲ. ಅವಳ ಚಿಂತೆಯೆಲ್ಲ ಅಜ್ಜಿಯದು.

ಹೋದ ಬೇಸಿಗೆಯಲ್ಲಿ ಅಜ್ಜಿ ಮನೆಯೊಳಗೇ, ನೆರಳಿನಲ್ಲೇ, ಧೊಪ್ಪನೆ ಬಿದ್ದುಬಿಟ್ಟಿದ್ದಳು. ಮೈ ಕೆಂಡವಾಗಿತ್ತು. ಆಟೋದಲ್ಲಿ ಆದೋನಿಗೆ ಹೊತ್ತುಕೊಂಡು ಹೋದಾಗ ಡಾಕ್ಟರು, "ತಂಪಿದ್ದ ಜಾಗದಾಗ ಮಲಗಸ್ರಿ. ಇನ್ನೊಮ್ಮಿ ಹಿಂಗಾದ್ರ ಉಳಿಯೋದು ಕಷ್ಟ" ಅಂದಿದ್ದರು. ತಂಪಿದ್ದ ಜಾಗ ಎಲ್ಲಿಂದ ತರುವುದು? ಇರುವುದು ಒಂದೇ ಕೋಣೆ. ಮೇಲೆ ಸ್ಲಾಬು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಇವರ ಮೈಮೇಲೆ ಕಾರುತ್ತದೆ. ಫ್ಯಾನು ತಿರುಗಿದರೂ ಒಲೆಯ ಗಾಳಿಯೇ.

ಈಗ ಬಿಳಿ ಪೇಂಟು ಬರುತ್ತದೆ! ಪಲ್ಲವಿ ರಾತ್ರಿ ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ, ಬೆಳಿಗ್ಗೆ ಶಾಲೆಗೂ ಹೋಗಿರಲಿಲ್ಲ.

"ಅಮ್ಮಾ, ಡ್ರಮ್ಮು ಖಾಲಿ ಆತು," ಎಂದಳು ಕೆಳಗಿನಿಂದ. "ಸಂಜಿ ಜಳಕಕ್ಕೇನು?"

"ಒಂದಿನ ಜಳಕ ಇಲ್ಲಂದ್ರ ಯಾರೂ ಸಾಯಂಗಿಲ್ಲ," ಅಜ್ಜಿಯೇ ಉತ್ತರ ಕೊಟ್ಟಳು. "ನಾಳೆ ನಳ ಬರ್ತೈತಿ. ಜೀಪಿನ ಸದ್ದು ಕೇಳ್ತೈತಿ, ಮಜ್ಜಿಗಿ ತೆಗೀರಿ!"

ಆಫೀಸರು ದಪ್ಪಗಿದ್ದರು. ಅಂಗಿಯೆಲ್ಲ ಬೆವರು. ಹಸಿ ಗೋಣಿಚೀಲ ಸರಿಸಿ ಒಳಗೆ ಬಂದವರೇ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

"ಅಬ್ಬಾ! ಇಲ್ಲು ಎಂತ ಚಲ್ಲಗಾ ಉಂದಮ್ಮಾ!" ಎಂದರು ತೆಲುಗಿನಲ್ಲಿ. ಬೆಳಿಗ್ಗೆಯಿಂದ ಎಷ್ಟೋ ಮನೆ ತಿರುಗಿದರಂತೆ, ಇಷ್ಟು ತಂಪಾದ ಮನೆ ಒಂದೂ ಸಿಕ್ಕಿಲ್ಲವಂತೆ.

ಅಜ್ಜಿಯ ಮುಖ ಅರಳಿತು. ಮಜ್ಜಿಗೆಯ ಮೇಲೆ ಮಜ್ಜಿಗೆ ಕುಡಿಸಿದಳು. ಅಷ್ಟು ಸಾಲದೆಂದು, "ಪಾಪ, ಡ್ರೈವರ್ ಬಿಸಿಲಾಗ ಅದಾನ," ಎಂದು ಚೊಂಬು ಹಿಡಿದು ಜೀಪಿನ ಕಡೆ ಹೊರಟಳು.

ಅಷ್ಟರಲ್ಲಿ ಏಣಿ ಇಳಿದು ಗೋವರ್ಧನ ಒಳಗೆ ಬಂದ. ಆಫೀಸರ ಜೊತೆ ಬಂದಿದ್ದ ಅವನು ಊರಿನ ಪಂಚಾಯ್ತಿ ಮಟ್ಟದ ಕಚೇರಿ, ಗ್ರಾಮ ಸಚಿವಾಲಯದಲ್ಲಿ ಕೆಲಸ ಮಾಡುವ ಹುಡುಗ. ಅವನ ಕೈಯಲ್ಲಿ ಪಿಸ್ತೂಲಿನಂಥದ್ದೇನೋ ಇತ್ತು. ಅದನ್ನು ತಲೆಯ ಮೇಲಿನ ಸ್ಲಾಬಿಗೆ ಗುರಿ ಇಟ್ಟು ಟಿಕ್ ಅನ್ನಿಸಿ, ಅದರಲ್ಲಿ ಮೂಡಿದ ಅಂಕಿಯ ಫೋಟೋ ಫೋನಿನಲ್ಲಿ ತೆಗೆದ.

"ಅದೇನಣ್ಣಾ?" ಪಲ್ಲವಿ ಕೇಳಿದಳು.

"ಟೆಂಪರೇಚರ್ ಗನ್ನು. ಸ್ಲಾಬು ಎಷ್ಟು ಕಾದೈತಿ ಅಂತ ಹೇಳ್ತೈತಿ." ಗೋವರ್ಧನ ಆಫೀಸರ ಕಡೆ ತಿರುಗಿದ. "ಮೂವತ್ತಾರು ಡಿಗ್ರಿ ಸಾರ್. ಈ ಲೈನೆಲ್ಲಾ ಹೆಚ್ಚುಕಡಿಮಿ ಹಿಂಗ ಐತಿ."

ಆಫೀಸರು ಮೀಸೆಯ ಮೇಲಿನ ಮಜ್ಜಿಗೆ ಒರೆಸಿಕೊಂಡು ತೆಲುಗಿನಲ್ಲೇ ಹೇಳಿದರು. ನಲವತ್ತೈದು ದಾಟಿದ ಮನೆಗಳಿಗೆ ಮಾತ್ರ ಪೇಂಟು. ಇಲ್ಲಿ ಅದರ ಅವಶ್ಯಕತೆಯೇ ಇಲ್ಲ. ಪೇಂಟಿನ ಡಬ್ಬಿಗಳನ್ನು ಆಸ್ಪರಿ ಕಡೆಯ ಊರುಗಳಿಗೆ ಕಳಿಸಿಬಿಡು.

ಪಲ್ಲವಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಮನೆ ತಂಪಾಗಿದೆ ಅಂತ ಪೇಂಟ್ ಇಲ್ಲವಾ? ತಂಪು ಮಾಡಿದ್ದು ನಾವೇ ಅಲ್ಲವಾ?

"ಸಾರ್! ಮೇಮೇ ನೀಳ್ಳು ಪೋಸಿನಾಮು ಸಾರ್!" ಅವಳಿಗೆ ತೆಲುಗು, ಕನ್ನಡ ಎರಡೂ ಒಟ್ಟಿಗೇ ಬಂದವು. "ನೀವು ಬರ್ತೀರಂತ ಬೆಳಿಗ್ಗಿಂದ ನಾವೇ ನೀರು ಸುರಿದೀವಿ. ದಿನಾ ಹಿಂಗಿರಂಗಿಲ್ಲ ಸಾರ್! ಸ್ವಲ್ಪ ಹೊತ್ತು ಕುಂದ್ರಿ, ಒಣಗಿದ ಮ್ಯಾಲೆ ನೋಡ್ರಿ!"

ಆಫೀಸರು ನಕ್ಕರು. ಪೇಂಟ್ ಇಲ್ಲ ಅಂದ ಕೂಡಲೇ ಎಲ್ಲ ಊರಲ್ಲೂ ಹೀಗೇ ಒಂದೊಂದು ಕತೆ ಹೇಳುತ್ತಾರಂತೆ. ಗನ್ನು ಸುಳ್ಳು ಹೇಳುತ್ತದೆಯೇನಮ್ಮಾ ಎಂದು ಅವಳ ಕೆನ್ನೆ ತಟ್ಟಿದರು. ಗನ್ನಿಗೇನು ಗೊತ್ತು ಬಕೆಟ್ಟಿನ ಕತೆ!

ಪಲ್ಲವಿ ಗೋವರ್ಧನನನ್ನು ನೋಡಿದಳು. ಅವನು ಒದ್ದೆ ಏಣಿ ಹತ್ತಿ ಇಳಿದವನು. ಅವನ ಚಪ್ಪಲಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಣ್ಣಾ, ನೀನರ ಹೇಳಣ್ಣಾ!"

ಗೋವರ್ಧನ ತಲೆ ತಗ್ಗಿಸಿ ಫೋನು ಒತ್ತಿದ. "ಫೋಟೋ ಅಪ್‌ಲೋಡ್ ಆಗಿಹೋತು ತಂಗಿ. ಒಂದು ಮನಿಗೆ ಒಂದಾ ಸಲ. ಆಪು ಇನ್ನೊಮ್ಮಿ ತಗೊಳ್ಳಂಗಿಲ್ಲ."

ಪಲ್ಲವಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ಸುಮ್ಕಿರು. ಮನಿಗೆ ಬಂದೋರ ಕೂಡ ಜಗಳ ಮಾಡಬಾರದು."

ಜೀಪು ಧೂಳೆಬ್ಬಿಸಿ ಹೋಯಿತು. ಖಾಲಿ ಚೊಂಬು ಹಿಡಿದು ಅಜ್ಜಿ ನಗುನಗುತ್ತಾ ಒಳಗೆ ಬಂದಳು.

"ನೋಡಿದಿ ಏನಾ, ಆಫೀಸರು ಹೊಗಳಿ ಹೋದ್ರು! ಪೇಂಟ್ ಯಾವಾಗ ಅಂತ ಹೇಳಿದ್ರು?"

ಪಲ್ಲವಿ ಅಮ್ಮನ ಮುಖ ನೋಡಿದಳು. ಅಮ್ಮ ಲೋಟ ಎತ್ತಿಕೊಳ್ಳುತ್ತಾ, "ಬರ್ತಾರಂತ ಅತ್ತಿ. ಬರ್ತಾರ," ಎಂದಳು.

ಪಲ್ಲವಿಗೆ ಮೈ ಉರಿದುಹೋಯಿತು. ಸುಳ್ಳು! ದೊಡ್ಡವರೆಲ್ಲ ಸುಳ್ಳರು! ಆಫೀಸರ ಮುಂದೆ ಬಾಯಿ ಬಿಡದವಳು ಈಗ ಅಜ್ಜಿಯ ಮುಂದೆ ಸುಳ್ಳು ಹೇಳುತ್ತಿದ್ದಾಳೆ. ಅವಳು ಕಾಲು ಅಪ್ಪಳಿಸಿ ಹೊರಗೆ ಹೋಗಿ ಖಾಲಿ ಡ್ರಮ್ಮಿಗೆ ಒದ್ದಳು. ಕಾಲಿಗೇ ಪೆಟ್ಟಾಯಿತು. ಅಲ್ಲೇ ಕೂತು ಅತ್ತಳು.

ಮಧ್ಯಾಹ್ನ ಏರುವಷ್ಟರಲ್ಲಿ ಸ್ಲಾಬು ಒಣಗಿ ಬೆಳ್ಳಗಾಯಿತು. ಗೋಣಿಚೀಲ ಕಟ್ಟಿಗೆಯಂತೆ ಬಿರುಸಾಯಿತು. ಸ್ಲಾಬಿನ ಧಗೆ ಮೊದಲಿನಂತೆಯೇ ಕೋಣೆಯೊಳಗೆ ಸುರಿಯತೊಡಗಿತು.

ಪಲ್ಲವಿ ಒಳಗೆ ಬಂದಾಗ ಅಜ್ಜಿ ನೆಲದ ಮೇಲೆ ಮಲಗಿದ್ದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ತುಟಿ ಒಣಗಿತ್ತು. ಅಮ್ಮ ನೀರು ಕೇಳಲು ಪಕ್ಕದ ಓಣಿಗೆ ಹೋಗಿದ್ದಳು. ಹೇಳಿಬಿಡುತ್ತೇನೆ, ಎಲ್ಲ ಹೇಳಿಬಿಡುತ್ತೇನೆ ಎಂದು ಪಲ್ಲವಿ ಹತ್ತಿರ ಕೂತಳು.

"ಅಜ್ಜಿ..."

"ಬಂದ್ಯಾ ನನ್ನವ್ವ?" ಅಜ್ಜಿ ಕಣ್ಣು ತೆರೆಯದೆ ಅವಳ ಕೈ ಹುಡುಕಿದಳು. "ನಾನು ಅದನ್ನಾ ಯೋಚನಿ ಮಾಡ್ತಿದ್ನೆ. ಪಾಪ, ಆಫೀಸರಿಗೆ ಹೋಗೋವಾಗ್ಲೂ ಹಣಿ ಮ್ಯಾಲೆ ಬೆವರು ಇತ್ತು. ಮುಂದಿನ ಸಲ ಬಂದಾಗ ಇನ್ನಾ ನಾಕು ಬಕೆಟ್ ಜಾಸ್ತಿ ಹಾಕಣು."

ಹೇಳಬೇಕೆಂದುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲೇ ನಿಂತಿತು. ಅಮ್ಮನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಹೂಂ ಅಜ್ಜಿ," ಎಂದಳು. "ಹಾಕಣು."

ಅಜ್ಜಿಗೆ ತನ್ನ ಮುಖ ಕಾಣದ ಹಾಗೆ ತಲೆಯ ಹಿಂದೆ ಹೋಗಿ ಕೂತು, ಒಂದು ರಟ್ಟು ತೆಗೆದುಕೊಂಡು ಗಾಳಿ ಬೀಸತೊಡಗಿದಳು.