ಕೆಸರಪ್ಪನೂ ಬೆಳ್ಳಕ್ಕನೂ

ಕಾಫಿಯ ತಟ್ಟೆ ಹಿಡಿದು ನಡುಮನೆಗೆ ಬಂದ ಸ್ಪಂದನಾ ಮೊದಲು ನೋಡಿದ್ದು ಹುಡುಗನನ್ನಲ್ಲ, ಅವನ ತಲೆಯ ಮೇಲಿನ ಗೋಡೆಯನ್ನು. ಗಂಧದ ಹಾರ ಹಾಕಿಕೊಂಡ ತಾತನ ಫೋಟೋ ಅಲ್ಲೇ ನೇತಾಡುತ್ತಿತ್ತು. ಅದರಡಿಯಲ್ಲಿ ಬಿಳಿ ಅಕ್ಷರದಲ್ಲಿ ಹೆಸರು: ದೊಡ್ಡಬೀರಯ್ಯ.

ಬೆಳಿಗ್ಗೆ ಅದನ್ನು ಇಳಿಸಿಬಿಡೋಣವೆಂದು ಸ್ಟೂಲು ಹತ್ತಿದವಳನ್ನು ಅಜ್ಜಿ ಚಿಕ್ಕಸಿದ್ದಮ್ಮ ಗದರಿಸಿದ್ದಳು. "ಮೊಮ್ಮಗಳ ಗಂಡನ್ನ ಅವ್ರೂ ನೋಡ್ಬೇಡ್ವೇನೆ? ಬುಡು, ಅಲ್ಲೇ ಇರ್ಲಿ."

ಸದ್ಯ, ಹುಡುಗ ಫೋಟೋಗೆ ಬೆನ್ನು ಹಾಕಿ ಕೂತಿದ್ದ. ಹೆಸರು ಚೆಲುವರಾಜು. ಕೆ.ಆರ್. ನಗರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ತಿಕ್ಕಿ ತಿಕ್ಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ವಾರ್ನಿಷ್ ಉಳಿದಿತ್ತು. ಲೋಟ ತೆಗೆದುಕೊಳ್ಳುವಾಗ ಅವನು ಒಮ್ಮೆ ಕಣ್ಣೆತ್ತಿದ. ನೋಟ ಅವಳ ಮುಖದ ತನಕ ಬಂದು, ಹೊಸ್ತಿಲು ದಾಟಲು ಅಪ್ಪಣೆ ಬೇಕೇನೋ ಎಂಬಂತೆ ನಿಂತು, ಮತ್ತೆ ಕಾಫಿಯ ನೊರೆಗೆ ಇಳಿಯಿತು. ಬೇರೆ ಯಾವ ಹುಡುಗಿಯಾದರೂ ಆ ನೋಟಕ್ಕೆ ನಾಚಿಕೊಳ್ಳುತ್ತಿದ್ದಳು. ಸ್ಪಂದನಾಳಿಗೆ ನಾಚಿಕೆಯಿಂದಲ್ಲ, ಅವಮಾನದಿಂದ ಕಿವಿ ಸುಟ್ಟಿತು. ತನ್ನಿಂದ ತನಗೇ ಆದ ಅವಮಾನ. ಅವನಿಗೆ ಅವಳು ಇವತ್ತಷ್ಟೇ ಕಂಡ ಹುಡುಗಿ. ಅವಳಿಗೆ ಅವನ ಮನಸ್ಸಿನ ಒಳಕೋಣೆಯೆಲ್ಲ ಗೊತ್ತಿತ್ತು.

ಗೊತ್ತಾದದ್ದು ಒಂದು ಆಟದಿಂದ.

ಬಿ.ಕಾಂ. ಮುಗಿಸಿದ ಮೇಲೆ ಅವಳು ಟ್ಯಾಲಿ ಕಲಿಯಲು ಬಸ್ಸು ಹತ್ತಿ ಪಿರಿಯಾಪಟ್ಟಣದ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದಳು. ಅಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಆಟ ಸಿಕ್ಕಿತು. ನೂರಾರು ವಿಚಿತ್ರ ಪ್ರಾಣಿಗಳಲ್ಲಿ ಆರನ್ನು ಆರಿಸಿಕೊಂಡು, ಎಲ್ಲೋ ಕೂತಿರುವ ಇನ್ನೊಬ್ಬರ ಆರರ ಮೇಲೆ ಕಾದಾಡಿಸುವುದು. ಆಡುತ್ತ ಆಡುತ್ತ ಮಾತೂ ಬರೆಯಬಹುದು. "ಹುಡ್ಗೀರ ಹೆಸ್ರು ಹಾಕ್ಬೇಡ ಕಣವ್ವ, ಕಂಡ್ ಕಂಡೋರೆಲ್ಲ ಮಾತಾಡ್ಸಾಕೆ ಬತ್ತಾರೆ," ಎಂದಿದ್ದ ಸೆಂಟರಿನ ಲಿಂಗರಾಜು. ಆ ಗಳಿಗೆಗೆ ನೆನಪಾದದ್ದು ತಾತನ ಹೆಸರು. ಹಾಗೆ ಅವಳು ನಲವತ್ತು ದಾಟಿದ, ತೋಟ ಮನೆ ಇರುವ, ಬೆಟ್ಟದಪುರದ ದೊಡ್ಡಬೀರಯ್ಯನಾದಳು.

ಎಲ್ಲರೂ ಹೊಡೆಯುವ ಪ್ರಾಣಿಗಳನ್ನೇ ಆರಿಸುತ್ತಿದ್ದರು. ಹಲ್ಲಿನವು, ಕೋರೆಯವು, ಬೆಂಕಿ ಉಗುಳುವವು. ಸ್ಪಂದನಾ ಬೆಳೆದದ್ದು ಅಜ್ಜಿಯ ಕತೆಗಳಲ್ಲಿ. ಆ ಕತೆಯ ರಾಜಕುಮಾರ ದಂಡು ಕಟ್ಟುವಾಗ ಹುಲಿಯ ಜೊತೆ ಒಂದು ಆಮೆಯನ್ನೂ ಕರೆಯುತ್ತಿದ್ದ. "ಎಲ್ಲಾರೂ ಒಡ್ಯಾಕೇ ನಿಂತ್ರೆ ಏಟು ತಿನ್ನೋರ್ಯಾರು ಮಗ?" ಎನ್ನುತ್ತಿದ್ದಳು ಅಜ್ಜಿ. ಮನೆಯಲ್ಲಿ ಹೊಗೆಸೊಪ್ಪು ವಿಂಗಡಿಸುವಾಗಲೂ ಅದೇ ಲೆಕ್ಕ. ಬುಡದೆಲೆ ಬೇರೆ, ನಡುವಿನೆಲೆ ಬೇರೆ, ತುದಿಯೆಲೆ ಬೇರೆ. ಯಾವುದೂ ಬಿಸಾಡುವುದಲ್ಲ, ಅದರದರ ಜಾಗ ಗೊತ್ತಿರಬೇಕು.

ಅವಳ ದಂಡಿನಲ್ಲಿ ಮೊದಲು ಇಳಿಯುವುದಕ್ಕೆ ಒಂದು ಚುರುಕು ಅಳಿಲು. ಕೊನೆಗೆ ಬಂದು ಉಳಿದವರನ್ನು ಗುಡಿಸಿ ಹಾಕುವುದಕ್ಕೆ ಒಂದು ಗೂಳಿ. ನಡುವೆ ನಿಂತು ಏಟು ತಿನ್ನುವುದಕ್ಕೆ ಯಾರೂ ಮುಟ್ಟದ ಒಂದು ಮಣ್ಣಿನ ಮುದ್ದೆ. ಅವಳಿಟ್ಟ ಹೆಸರು ಕೆಸರಪ್ಪ. ಗಾಯವಾದವರಿಗೆ ಮದ್ದು ಹಾಕುವುದಕ್ಕೆ ಬಿಳಿ ಕೊಕ್ಕರೆ, ಬೆಳ್ಳಕ್ಕ.

ಚೆಲುವರಾಜು ಅವಳಿಗೆ ಸಿಕ್ಕಿದ್ದು ಆರೂ ಹೊಡೆಯುವವರನ್ನೇ ಕಟ್ಟಿಕೊಂಡು, ಕೆಂಡಗಣ್ಣಿ ಎಂಬ ಬೆಂಕಿ ನರಿಯನ್ನು ಮುಂದೆ ಬಿಟ್ಟುಕೊಂಡು. ಸೋತ. ಮರುದಿನವೂ ಸೋತ.

"ಅಣ್ಣಾ, ಆ ಮಣ್ಣಿನ ಮುದ್ದೇನ ಯಾಕ್ ಸಾಕಿದ್ದೀರಿ? ಒಂದೇಟೂ ಹೊಡೆಯಲ್ಲ," ಎಂದು ಬರೆದ.

"ಹೊಡ್ಯಾಕಲ್ಲ ತಮ್ಮಾ, ನಿಲ್ಲಾಕೆ. ನಿನ್ ನರಿ ಸುಸ್ತಾಗ್ಲಿ, ಆಮೇಲೆ ನಮ್ ಗೂಳಿ ಬತ್ತದೆ."

"ಬೆಳ್ಳಕ್ಕನ ಮದ್ದನ್ನ ಎದುರಾಳಿಗೂ ಹಾಕ್ಬೋದು ಅಂತ ಆಟದ ರೂಲ್ಸಲ್ಲಿ ಬರ್ದವ್ರೆ. ಅದ್ಯಾವ ಪೆದ್ದ ಹಾಕ್ತಾನೆ ಅಣ್ಣಾ?"

"ಯಾರೂ ಹಾಕಲ್ಲ. ಆದ್ರೆ ಒಬ್ಳು ಮದ್ದಿನೋಳು ಇರ್ಬೇಕು ತಮ್ಮಾ. ಸೇರಿಸ್ಕೊ."

"ನಂಗ್ಯಾಕೆ ಕೊಕ್ಕರೆ. ಬುಡಿ."

ಹೀಗೆ ಶುರುವಾದದ್ದು ಆಟದಾಚೆಗೂ ಹರಿಯಿತು. ಅಂಗಡಿ, ಅಪ್ಪ, ಊರು. ಒಂದು ಮಧ್ಯಾಹ್ನ ಅವನು ಬರೆದ: "ನಂಗೆ ಮಾತು ತಡೀತದೆ ಅಣ್ಣಾ. ಬರೆಯುವಾಗ ಮಾತ್ರ ನಾನು ಎಲ್ಲರಂಗೆ."

ಅಲ್ಲಿಯವರೆಗೆ ತಪ್ಪು ಸಣ್ಣದಾಗಿತ್ತು. ದೊಡ್ಡದಾದದ್ದು, ಅವಳಿಗೆ ಸಂಬಂಧ ಕೇಳಿದ ಹುಡುಗನ ಫೋಟೋ, ಹೆಸರು, ಅಂಗಡಿಯ ವಿಳಾಸ ಮನೆಗೆ ತಲುಪಿದ ದಿನ. ಅದು ಅವನೇ. ಅವತ್ತೇ ಹೇಳಬೇಕಿತ್ತು. ಅವಳು ಸೆಂಟರಿಗೆ ಓಡಿದ್ದೂ ಹೇಳಲೆಂದೇ. ಅಷ್ಟರಲ್ಲಿ ಅವನೇ ಬರೆದುಬಿಟ್ಟಿದ್ದ: "ಅಣ್ಣಾ, ನಿಮ್ಮೂರಿಗೇ ಹೆಣ್ಣು ನೋಡೋಕೆ ಬತ್ತಿದ್ದೀನಿ."

ಬೆರಳು ಕೀಲಿಗಳ ಮೇಲೆ ನಿಂತವು. ಆಮೇಲೆ, ಅವಳ ಅಪ್ಪಣೆಯಿಲ್ಲದೆ ಎಂಬಂತೆ, ಬೇರೆಯದನ್ನೇ ಬರೆದವು. "ಹುಡ್ಗಿ ಹೆಂಗವ್ಳೆ ತಮ್ಮಾ?"

"ಫೋಟೋದಲ್ಲಿ ಕತ್ತು ಒಂದ್ಕಡೆ ವಾಲಿಸ್ಕೊಂಡವ್ಳೆ. ಯಾರೋ ಕತೆ ಹೇಳ್ತಾವ್ರೆ, ಇವ್ಳು ಕೇಳ್ತಾವ್ಳೆ ಅನ್ನೋ ಹಂಗೆ."

ಹೇಳು ಎಂದಿತು ಮನಸ್ಸು. "ಇನ್ನೇನನ್ಸ್ತು?" ಎಂದು ಬರೆಯಿತು ಬೆರಳು.

ಅವನು ಬರೆಯುತ್ತ ಹೋದ. ಆ ಫೋಟೋ ಜೇಬಿನಲ್ಲೇ ಇಟ್ಟುಕೊಂಡಿದ್ದಾನಂತೆ. ಮೋಟಾರಿಗೆ ತಂತಿ ಸುತ್ತುವಾಗ ನೆನಪಾದರೆ ಸುತ್ತು ತಪ್ಪುತ್ತದಂತೆ. ಹಿಂದೆ ನೋಡಿದ್ದ ಹುಡುಗಿ ಅವನ ಮಾತು ಕೇಳಿ ಸೆರಗಿನಲ್ಲಿ ನಕ್ಕಿದ್ದಳಂತೆ. ಅವತ್ತು ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಅತ್ತನಂತೆ. "ಇದನ್ನ ಯಾರಿಗೂ ಏಳಿಲ್ಲ ಅಣ್ಣಾ. ಈ ಸಲ ನಾನು ಬಾಯೇ ಬಿಡಲ್ಲ. ಅಪ್ಪ ಮಾತಾಡ್ಲಿ."

"ಹಂಗ್ ಮಾಡ್ಬೇಡ," ಎಂದು ಬರೆದಿದ್ದಳು. "ಮೊದಲ್ನೇ ಜಾಗಕ್ಕೆ ಬಲಶಾಲಿ ಬೇಕಿಲ್ಲ, ದಾರಿ ತೆಗೆಯೋನು ಬೇಕು. ನೀನು ಯಾವುದಕ್ಕೆ ಹೆದರ್ತೀಯೋ ಅದನ್ನೇ ಮೊದಲು ಕಳ್ಸು. ಆಮೇಲೆ ಉಳಿದವ್ರಿಗೆ ದಾರಿ ಸಲೀಸು."

ಬುದ್ಧಿ ಹೇಳಿದವಳು ತಾನು ಮಾತ್ರ ಸತ್ತ ತಾತನ ಹೆಸರಿನ ಹಿಂದೆ ಅಡಗಿ ಕೂತಿದ್ದಳು.

ಈಗ ನಡುಮನೆಯಲ್ಲಿ ಹುಡುಗನ ಅಪ್ಪ ನಂಜಯ್ಯ ಭತ್ತದ ಗದ್ದೆ, ನಾಲೆಯ ನೀರು ಎಂದು ಹೇಳುತ್ತಿದ್ದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಆ ಸಂದಿಯಲ್ಲಿ ಚೆಲುವರಾಜು ಲೋಟ ಕೆಳಗಿಟ್ಟ.

"ನ... ನಂಗೆ ಮಾ... ಮಾತು ತಡೀತದೆ. ಮೊದ್ಲೇ ಏಳ್ಬುಡ್ತೀನಿ. ಆ... ಆಮೇಲೆ ಮಿಕ್ಕಿದ್ದು."

ಕಜ್ಜಾಯ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ನಂಜಯ್ಯನವರ ಮುಖ ಕಪ್ಪಿಟ್ಟಿತು. "ಇದನ್ನ ಏಳು ಅಂತ ಯಾರ್ಲಾ ಏಳ್ಕೊಟ್ಟೋರು ನಿಂಗೆ?"

"ಒ... ಒಬ್ರು ಅಣ್ಣ. ಇದೇ ಊರೋರು. ದೊ... ದೊಡ್ಡಬೀರಯ್ಯ ಅಂತ." ಅವನು ಸ್ಪಂದನಾಳ ಅಪ್ಪನ ಕಡೆ ತಿರುಗಿದ. "ಅವ್ರ ಮ... ಮನೆ ಯಾವ್ ಕಡೆ ಬತ್ತದೆ? ಓ... ಓಗೋವಾಗ ಕಾಲಿಗ್ ಬಿದ್ದು ಓಗ್ಬೇಕು."

ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಆಡದ ಅಜ್ಜಿ, ಅದು ಬೇರೆಯವರ ಬಾಯಲ್ಲಿ ಬಂದ ಕೂಡಲೇ ಸೆರಗು ತಲೆಗೆ ಎಳೆದುಕೊಂಡಳು. ಅಪ್ಪ ದೇವರಾಜು ಮೆಲ್ಲಗೆ ಹೇಳಿದರು: "ಆ ಹೆಸ್ರಿನೋರು ನಮ್ಮೂರಲ್ಲಿ ಇದ್ದದ್ದು ಒಬ್ರೇ. ನಮ್ಮಪ್ಪ. ತೀರ್ಕೊಂಡು ಬಾಳ ವರ್ಷ ಆಯ್ತು. ನಿಮ್ ತಲೆ ಮೇಲವ್ರೆ ನೋಡಿ."

ಚೆಲುವರಾಜು ತಿರುಗಿದ. ಓದಿದ. ಮತ್ತೊಮ್ಮೆ ಓದಿದ. ಸ್ಪಂದನಾಳ ಕೈಯ ತಟ್ಟೆಯಲ್ಲಿ ಖಾಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಆ ಸದ್ದಿಗೆ ಅವನು ಅವಳ ಕಡೆ ನೋಡಿದ. ಈ ಸಲ ನೋಟ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಅವಳ ಬಾಗಿದ ತಲೆ, ಕೈಯ ತಟ್ಟೆ ಎಲ್ಲವನ್ನೂ ಮುಟ್ಟಿ, ಅರ್ಥ ಮಾಡಿಕೊಂಡು, ಆರಿಹೋಯಿತು.

"ಸತ್ತೋರ ಜೊತೆ ಮಾತಾಡ್ಕೊಂಡ್ ಬಂದನೇನಪ್ಪ ಇವ್ನು," ಎಂದರು ನಂಜಯ್ಯ. ಕೂತವರು ನಕ್ಕರು.

ಈಗ ಅವನು ಅವಳ ಗುಟ್ಟನ್ನು ಹೇಳಿಬಿಡಬಹುದಿತ್ತು. "ನ... ನಾನೇ ಊರ್ ತಪ್ಪಿ ಕೇಳ್ದೆ," ಎಂದ. "ಬು... ಬುಡಿ." ಆ ನಗುವನ್ನು ಪೂರ್ತಿ ತನ್ನ ಮೇಲೆ ಹಾಕಿಕೊಂಡು ಕೂತ. ಮಣ್ಣಿನ ಮುದ್ದೆಯ ಹಾಗೆ.

ಅವಳಿಗೆ ಅದೊಂದನ್ನು ತಡೆಯಲಾಗಲಿಲ್ಲ.

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿತ್ತಲಿಗೆ ಕಳಿಸಿದಾಗ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಒರಗಿ ಅವಳೇ ಶುರು ಮಾಡಿದಳು. "ನಾನೇ ಕಣ್ರೀ ಅದು."

"ಗೊ... ಗೊತ್ತಾಯ್ತು. ನಾನು ಬತ್ತೀನಿ ಅಂತ ಯಾ... ಯಾವಾಗಿಂದ ಗೊತ್ತಿತ್ತು?"

"ನಿಮ್ ಫೋಟೋ ಬಂದಾಗ್ಲಿಂದ."

"ಆ... ಆಗ್ಲೇ ಏಳ್ಬೋದಿತ್ತಲ್ಲ."

ಸುಳ್ಳು ಹೇಳಲು ಸಾಕಷ್ಟು ಜಾಗವಿತ್ತು. ಅವಳು ನಿಜವನ್ನೇ ಕಳಿಸಿದಳು. "ಹೇಳಿದ್ರೆ ನೀವು ನನ್ ಬಗ್ಗೆ ಹೇಳೋದು ನಿಲ್ಸ್ಬಿಡ್ತಿದ್ರಿ. ನಂಗೆ ಇನ್ನೂ ಕೇಳ್ಬೇಕು ಅನ್ನಿಸ್ತು. ಕಳ್ಳತನ ಅಂತ ಗೊತ್ತಿದ್ದೂ ಕೇಳ್ದೆ."

ಅವನು ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದ. "ನಾನು ಅ... ಅತ್ತದ್ದನ್ನ ಅ... ಅಣ್ಣನ ಮುಂದೆ ಏಳಿದ್ದು. ಹೆ... ಹೆಂಡ್ತಿ ಆಗೋಳ ಮುಂದೆ ಅಲ್ಲ." ಅಷ್ಟು ಹೇಳಿ ಒಳಗೆ ಹೋದ.

ಹೋಗುವಾಗ ನಂಜಯ್ಯ "ಏಳ್ ಕಳಿಸ್ತೀವಿ" ಎಂದರು. ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಸುದ್ದಿ ಬರಲಿಲ್ಲ.

ಸೊಪ್ಪು ವಿಂಗಡಿಸುತ್ತ ಕೂತ ಒಂದು ಸಂಜೆ ಅವಳು ಅಜ್ಜಿಗೆ ಎಲ್ಲವನ್ನೂ ಒಪ್ಪಿಸಿದಳು. ಕೊನೆಗೆ, "ಅವ್ರು ನನ್ನ ಅಣ್ಣಾ ಅಂದ್ರು ಅಜ್ಜಿ, ನಾನು ಅವ್ರನ್ನ ತಮ್ಮಾ ಅಂದೆ. ಹಂಗ್ ಕರೆದ್ಮೇಲೆ ಇನ್ನೇನ್ ಉಳೀತು," ಎಂದು ಮಂಡಿಗೆ ಮುಖ ಒತ್ತಿದಳು.

ಅಜ್ಜಿ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ನಡುವಿನ ರಾಶಿಗೆ ಹಾಕಿದಳು. "ಅವ್ನು ಅಣ್ಣಾ ಅಂದದ್ದು ನಮ್ಮೆಜಮಾನ್ರನ್ನ ಕಣೆ, ನಿನ್ನಲ್ಲ. ಅಂಗಂದ್ರೆ ಅವ್ನು ನಂಗೆ ಮೈದುನ ಆದ. ನಿಂಗೆ ತಾತ. ತಾತ ಮೊಮ್ಮಗಳು ತಮಾಷೆ ಮಾಡ್ಕೊಂಡ್ರೆ ಯಾರೂ ಬೇಡ ಅನ್ನಲ್ಲ."

ಸ್ಪಂದನಾಳಿಗೆ ಅಳುವಿನ ನಡುವೆಯೇ ನಗು ಬಂತು.

"ನಗ್ಬೇಡ," ಎಂದಳು ಅಜ್ಜಿ. "ಸತ್ತೋರನ್ನ ಮುಂದೆ ನಿಲ್ಸಿ ನೀನು ಇಂದೆ ನಿಂತಿದ್ಯಲ್ಲ, ಅದು ತಪ್ಪು. ಈಗ ನೀನ್ ಓಗಿ ನಿಂತ್ಕೊ. ಏಟು ಬಿದ್ರೆ ಬೀಳ್ಲಿ."

ಮರುದಿನ ಸೆಂಟರಿನಲ್ಲಿ ಅವಳು ಹೊಸ ಹೆಸರು ಹಾಕಿದಳು: ಸ್ಪಂದನಾ, ಬೆಟ್ಟದಪುರ. ಲಿಂಗರಾಜು ಬಗ್ಗಿ ನೋಡಿ, "ಬೇಡ ಅಂದಿದ್ನಲ್ಲವ್ವ," ಎಂದ.

"ಇರ್ಲಿ ಬುಡಣ್ಣ."

ಚೆಲುವರಾಜುವಿನ ಹೆಸರಿನ ಪಕ್ಕ ಹಸಿರು ಚುಕ್ಕಿ ಉರಿಯುತ್ತಿತ್ತು. ಅವಳು ಆಟಕ್ಕೆ ಕರೆದಳು. ಹೊತ್ತಾಯಿತು. ಒಪ್ಪಿದ.

ಅವಳ ದಂಡಿನಲ್ಲಿ ಆರು ಜಾಗಗಳಲ್ಲಿ ಐದು ಖಾಲಿ. ಇದ್ದವನು ಕೆಸರಪ್ಪನೊಬ್ಬನೇ.

"ಹೊಡೀರಿ," ಎಂದು ಬರೆದಳು. "ನಾನು ತಿರುಗಿ ಹೊಡೆಯಲ್ಲ."

ಅವನು ಕೆಂಡಗಣ್ಣಿಯನ್ನು ಬಿಟ್ಟ. ಬೆಂಕಿ ಬಿತ್ತು. ಕೆಸರಪ್ಪನ ಜೀವದ ಗೆರೆ ಕುಗ್ಗಿತು. ಅವಳು ತನ್ನ ಸರದಿಯನ್ನು ಸುಮ್ಮನೆ ಬಿಟ್ಟುಕೊಟ್ಟಳು. ಮತ್ತೆ ಬಿತ್ತು. ಮತ್ತೆ ಬಿಟ್ಟುಕೊಟ್ಟಳು. ಪ್ರತಿ ಏಟಿಗೂ ನಡುಮನೆಯಲ್ಲಿ ಆರಿಹೋದ ಆ ನೋಟ ಕಣ್ಣಿಗೆ ಬರುತ್ತಿತ್ತು. ಗೆರೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಬಂದು, ದಾರದ ಎಳೆಯಷ್ಟು ಉಳಿಯಿತು. ಇನ್ನೊಂದು ಏಟಿಗೆ ಮುಗಿಯುತ್ತದೆ. ಮುಗಿಯಲಿ, ನ್ಯಾಯವೇ. ಅವಳು ಪರದೆಯಿಂದ ಕಣ್ಣು ತೆಗೆದು ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಳು.

ಏಟು ಬೀಳಲಿಲ್ಲ.

ತಲೆ ಎತ್ತಿದಾಗ ಕೆಂಡಗಣ್ಣಿ ಹಿಂದೆ ಸರಿದಿತ್ತು. ಅದರ ಜಾಗದಲ್ಲಿ, ಒಂಟಿ ಕಾಲಿನಲ್ಲಿ, ಬಿಳಿ ಕೊಕ್ಕರೆಯೊಂದು ನಿಂತಿತ್ತು. ಕೊಕ್ಕರೆ ನಂಗ್ಯಾಕೆ ಎಂದಿದ್ದವನ ದಂಡಿನಲ್ಲಿ ಬೆಳ್ಳಕ್ಕ. ಅದು ಕತ್ತು ಬಗ್ಗಿಸಿ, ಅಂಗಳ ದಾಟಿ ಬಂದು, ಎದುರಾಳಿ ಕೆಸರಪ್ಪನ ಮೈಮೇಲೆ ಮದ್ದು ಹಾಕಿತು. ಯಾವ ಪೆದ್ದನೂ ಹಾಕದ ಮದ್ದು. ಕೆಂಪು ಗೆರೆ ಹಳದಿಯಾಗಿ, ಹಸಿರಾಗಿ, ನಿಧಾನಕ್ಕೆ ತುಂಬಿಕೊಂಡಿತು.

ಅವಳ ಕಣ್ಣೂ.

ಕೆಳಗೆ ಒಂದೊಂದೇ ಅಕ್ಷರ ಮೂಡತೊಡಗಿತು. ಇಷ್ಟು ದಿನದಲ್ಲಿ ಬರೆಯುವಾಗ ಒಮ್ಮೆಯೂ ತಡವರಿಸದ ಹುಡುಗ, ಈಗ ತಾನು ಮಾತಾಡುವ ಹಾಗೆಯೇ ಬರೆಯುತ್ತಿದ್ದ.

"ಅ... ಅಪ್ಪಂಗೆ ಒ... ಒಪ್ಗೆ ಅಂತ ಏಳಿದ್ದೀನಿ. ಭಾ... ಭಾನುವಾರ ನಮ್ಮನೆ ನೋಡೋಕೆ ಬ... ಬನ್ನಿ. ಅ... ಅಜ್ಜೀನೂ ಕರ್ಕೊಂಡ್ ಬನ್ನಿ, ಸ್ಪಂದನಾ."