ನೀರು ಕಾಣದ ನೀಲಿ ಬಟ್ಟೆ

"ಬೇಗ ಬಾರೇ! ಟೈಮ್ ಓಡ್ತಾ ಇದೆ!"

ಗೇಟಿನ ಹೊರಗೆ ಆರಾಧನಾ ಸೈಕಲ್ಲಿನ ಬೆಲ್ ಬಿಡದೆ ಬಾರಿಸುತ್ತಿದ್ದಳು. ಅದು ಅವಳ ಸೈಕಲ್ ಅಲ್ಲ. ಶೀನಣ್ಣನ ಅಂಗಡಿಯಿಂದ ಒಂದು ಗಂಟೆಗೆ ಬಾಡಿಗೆಗೆ ತಂದದ್ದು. ಆಗಲೇ ಇಪ್ಪತ್ತು ನಿಮಿಷ ಮುಗಿದಿತ್ತು.

ಧೃತಿ ಹಿತ್ತಲಲ್ಲಿ ನಿಂತಿದ್ದಳು. ಕೈಯಲ್ಲಿ ಮಡಿಸಿದ ನೀಲಿ ಬಟ್ಟೆ. ಎದುರಿಗೆ ಖಾಲಿ ಬಕೆಟ್. ಬಟ್ಟೆಯನ್ನು ಬೆಳಿಗ್ಗೆಯೇ ನೆನೆಸಬೇಕಿತ್ತು. ಟೀವಿ ನೋಡುತ್ತ ಮರೆತಿದ್ದಳು. ಈಗ ಮಧ್ಯಾಹ್ನ ಮೂರು ಗಂಟೆ.

ಈಗ ಶುರುಮಾಡಿದರೆ ಸಂಪಿನಿಂದ ನೀರು ಸೇದಬೇಕು. ಬಟ್ಟೆ ಮುಳುಗಿಸಿ, ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಕೂತು ಒತ್ತುತ್ತಿರಬೇಕು. ಇಲ್ಲದಿದ್ದರೆ ಬಟ್ಟೆ ಬಲೂನಿನ ಹಾಗೆ ಉಬ್ಬಿ ಮೇಲೆ ಬರುತ್ತದೆ. ಅಷ್ಟರಲ್ಲಿ ಸೈಕಲ್ ವಾಪಸ್ ಹೋಗಿರುತ್ತದೆ.

"ಧೃತೀ, ಬಟ್ಟೆ ನೆನೆಸಿದ್ಯೇನೇ?" ಅಮ್ಮ ನಡುಮನೆಯಿಂದ ಕೂಗಿದಳು. ಶನಿವಾರ ಮಧ್ಯಾಹ್ನ ಅಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಅಮ್ಮನ ಟ್ಯೂಷನ್ ನಡೆಯುತ್ತಿತ್ತು.

"ಹೂಂ ಅಮ್ಮ! ಬೆಳಿಗ್ಗೆನೇ ಹಾಕಿದ್ದೆ. ಈಗ ಒಣಗೋಕೆ ಹಾಕ್ತಿದೀನಿ!"

ಮಾತು ತಾನಾಗಿಯೇ ಬಂದುಬಿಟ್ಟಿತು. ಧೃತಿ ನೀಲಿ ಬಟ್ಟೆಯನ್ನು ತಂತಿಯ ಮೇಲೆ ಹರಡಿದಳು. ಚೊಂಬಿನಲ್ಲಿ ನೀರು ತಂದು ಅಲ್ಲಲ್ಲಿ ಚಿಮುಕಿಸಿದಳು. ಬಂದಮೇಲೆ ಸರಿಯಾಗಿ ನೆನೆಸಿದರಾಯಿತು ಎಂದುಕೊಂಡು ಗೇಟಿನತ್ತ ಓಡಿದಳು.

ಇಬ್ಬರೂ ಸರದಿಯಂತೆ ಸೈಕಲ್ ತುಳಿದರು. ಶಂಕರಪುರದ ಮೂರು ಬೀದಿ ಸುತ್ತಿ, ಸೈಕಲ್ ವಾಪಸ್ ಕೊಟ್ಟು, ಧೃತಿ ಸಂಜೆ ಮನೆಗೆ ಬಂದಾಗ ತಂತಿ ಖಾಲಿಯಾಗಿತ್ತು. ಅಮ್ಮ ಬಟ್ಟೆ ತೆಗೆದು, ಮಡಿಸಿ, ಹೊಲಿಗೆ ಮಷಿನ್ನಿನ ಪಕ್ಕ ಇಟ್ಟಾಗಿತ್ತು.

ಬಟ್ಟೆ ನೆನೆಸುವ ಕೆಲಸ ಧೃತಿಯ ಪಾಲಿಗೆ ಬಂದದ್ದು ಆ ವರ್ಷದ ಯುಗಾದಿಯಲ್ಲಿ.

ಹಬ್ಬದ ಹಿಂದಿನ ಭಾನುವಾರ ಅಮ್ಮ ಮಂಚದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ಎಳೆದು, ಒಳಗಿದ್ದುದನ್ನೆಲ್ಲ ಚಾಪೆಯ ಮೇಲೆ ಹರಡಿದ್ದಳು. ಅರಿಶಿನ ಕುಂಕುಮಕ್ಕೆ ಹೋದಾಗ ತಾಂಬೂಲದ ಜೊತೆ ಬಂದ ರವಿಕೆ ಕಣಗಳು. ಯಾರ್ಯಾರದೋ ಮದುವೆಗಳಲ್ಲಿ ಅಪ್ಪನಿಗೆ ಕೊಟ್ಟ ಶರ್ಟ್ ಪೀಸುಗಳು. ಹೊಲಿಸೋಣ, ಹೊಲಿಸೋಣ ಎನ್ನುತ್ತ ಹಾಗೇ ಉಳಿದಿದ್ದ ಹೂವಿನ ಚೀಟಿ ಬಟ್ಟೆ.

"ಇಪ್ಪತ್ತೆರಡು!" ಧೃತಿ ಎಣಿಸಿ ಹೇಳಿದ್ದಳು.

"ಈ ಯುಗಾದಿಯಿಂದ ಮುಂದಿನ ಯುಗಾದಿ ತನಕ ಯಾರೂ ಬಟ್ಟೆ ಅಂಗಡಿ ಕಡೆ ಹೋಗೋ ಹಾಗಿಲ್ಲ. ಎಲ್ಲರಿಗೂ ಇದರಲ್ಲೇ. ನಾನೇ ಹೊಲೀತೀನಿ" ಎಂದಳು ಅಮ್ಮ.

"ದೀಪಾವಳಿಗೂನಾ?" ಅಜ್ಜಿ ಕೇಳಿದರು.

"ದೀಪಾವಳಿಗೂ ಅಷ್ಟೇ, ಅತ್ತೆ."

"ನನ್ನ ಬನಿಯನ್ನು?" ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು.

"ಹಳದಿ ರವಿಕೆ ಕಣ ಇದೆ. ಅದರಲ್ಲೇ ಹೊಲೀಲಾ?"

ಅಜ್ಜಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಿದ್ದರು.

ಅಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ಏನು ಮಾಡಿದರೂ ಬರೆದಿಟ್ಟು ಮಾಡುವ ಅಭ್ಯಾಸ. ಒಂದು ಗ್ರಾಫ್ ಪುಸ್ತಕ ತಂದು, ಒಂದೊಂದು ಬಟ್ಟೆಗೂ ಒಂದು ಪುಟ ಬಿಟ್ಟಳು. ಪುಟದ ಮೂಲೆಗೆ ಆ ಬಟ್ಟೆಯ ಚಿಕ್ಕ ಚೂರನ್ನು ಗುಂಡುಸೂಜಿಯಿಂದ ಚುಚ್ಚಿದಳು. ಕೆಳಗೆ ಎಷ್ಟು ಮೀಟರ್, ಯಾರಿಗೆ, ಯಾವ ತಿಂಗಳು ಎಂದು ಬರೆದಳು.

"ಹತ್ತಿ ಬಟ್ಟೆ ನೆನೆಸದೆ ಕತ್ತರಿ ಹಾಕಬಾರದು" ಎಂದು ಧೃತಿಗೆ ಹೇಳಿಕೊಟ್ಟಳು. "ಮಗ್ಗದಲ್ಲಿ ದಾರಾನ ಬಿಗಿಯಾಗಿ ಎಳೆದು ನೇಯ್ದಿರ್ತಾರೆ. ನೀರಿಗೆ ಬಿದ್ದಮೇಲೇ ಅದು ಕುಗ್ಗಿ ತನ್ನ ನಿಜವಾದ ಉದ್ದಕ್ಕೆ ಬರೋದು. ಈ ಕೆಲಸ ನಿಂದು. ಆಗುತ್ತಾ?"

"ಓ, ಆಗುತ್ತೆ!"

ಅಂದಿನಿಂದ ಅಪ್ಪ ಅವಳನ್ನು ವಾಟರ್ ಡಿಪಾರ್ಟ್‌ಮೆಂಟ್ ಎಂದೇ ಕರೆಯತೊಡಗಿದ್ದರು. ಏಳು ಬಟ್ಟೆಗಳನ್ನು ಧೃತಿ ಸರಿಯಾಗಿಯೇ ನೆನೆಸಿದ್ದಳು. ಅವಳ ಎರಡು ಫ್ರಾಕು, ಅಪ್ಪನ ಶರ್ಟು, ಅಜ್ಜಿಯ ರವಿಕೆಗಳು, ಎಲ್ಲವೂ ಚೆನ್ನಾಗಿ ಬಂದಿದ್ದವು. ನೀಲಿ ಬಟ್ಟೆ ಎಂಟನೆಯದು. ಆ ಪುಟದಲ್ಲಿ ಮಾತ್ರ 'ನನಗೆ' ಎಂದು ಬರೆದಿತ್ತು.

ಅದು ಕೈಮಗ್ಗದ ಬಟ್ಟೆ. ಅಮ್ಮ ಕಾಲೇಜಿನ ಕೊನೆಯ ವರ್ಷ ಚೂಡಿದಾರ್ ಹೊಲಿಸಿಕೊಳ್ಳಲು ಕೊಂಡಿದ್ದಳು. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಬಟ್ಟೆ ಟ್ರಂಕಿಗೆ ಸೇರಿತು. ಅಮ್ಮ ಸೀರೆಯಲ್ಲೇ ಉಳಿದಳು.

ಅದೇ ವರ್ಷ ಅವಳ ಬಾಟನಿ ಕ್ಲಾಸಿನ ಹುಡುಗಿಯರೆಲ್ಲ ಗಿಡಗಳ ಸ್ಯಾಂಪಲ್ ತರಲು ಸಾವನದುರ್ಗಕ್ಕೆ ಹೋಗಿದ್ದರು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮಳೆ ಬಂದು ಇಳಿಯಬೇಕಾಯಿತಂತೆ. ಈಗ ಹದಿಮೂರು ವರ್ಷದ ಮೇಲೆ ಆ ಗುಂಪಿನ ಸರ್ವಮಂಗಳಾ ಆಂಟಿ ಎಲ್ಲರಿಗೂ ಫೋನ್ ಮಾಡಿ, ಡಿಸೆಂಬರಿನ ಎರಡನೇ ಭಾನುವಾರ ಮತ್ತೆ ಹೋಗುವುದೆಂದು ಗೊತ್ತುಮಾಡಿದ್ದರು.

"ಈ ಸಲ ತುದಿ ಮುಟ್ಟೇ ಮುಟ್ತೀನಿ" ಎಂದು ಅಮ್ಮ ದಿನಕ್ಕೆರಡು ಸಲ ಹೇಳುತ್ತಿದ್ದಳು. "ಸೀರೆ ಕಾಲಿಗೆ ಸಿಕ್ಕಿಕೊಂಡರೆ ಆ ಬಂಡೆ ಹತ್ತೋಕಾಗಲ್ಲ. ಈ ಚೂಡಿದಾರೇ ಸರಿ."

ಸೈಕಲ್ ತುಳಿದ ಆ ಸಂಜೆ ಅಮ್ಮ ನೀಲಿ ಬಟ್ಟೆಗೆ ಇಸ್ತ್ರಿ ಹಾಕುತ್ತ, ಎರಡು ಬೆರಳಿನಲ್ಲಿ ಅದನ್ನು ಉಜ್ಜಿ ನೋಡಿದಳು.

"ಇನ್ನೂ ಗರಿಗರಿಯಾಗೇ ಇದೆಯಲ್ಲ."

ಧೃತಿ ತಲೆ ಎತ್ತಿದಳು. ಹೇಳಿಬಿಡಲೇ?

"ಕೈಮಗ್ಗದ್ದು ಅಲ್ವಾ, ಹಾಗೇ ಇರುತ್ತೆ" ಎಂದು ಅಮ್ಮನೇ ಉತ್ತರ ಹೇಳಿಕೊಂಡಳು. ಧೃತಿ ಹೋಂವರ್ಕ್ ಪುಸ್ತಕ ತೆರೆದಳು.

ಬಟ್ಟೆ ಅಳತೆಗೆ ಸರಿಯಾಗಿ ಸಾಕಾಯಿತು, ಅಷ್ಟೆ. ಹೊಲಿಗೆಯ ಒಳಗೆ ಬಿಡಲು ಕೂಡ ಹೆಚ್ಚು ಉಳಿಯಲಿಲ್ಲ. ಅಮ್ಮ ಎರಡೆರಡು ಸಲ ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದು, ಉಸಿರು ಹಿಡಿದು ಕತ್ತರಿಸಿದಳು. ಹತ್ತು ದಿನ ಸ್ವಲ್ಪ ಸ್ವಲ್ಪವಾಗಿ ಹೊಲಿದಳು.

ಮುಗಿದ ದಿನ ಹಾಕಿಕೊಂಡು ಬಂದು ನಡುಮನೆಯಲ್ಲಿ ನಿಂತಾಗ ಅಜ್ಜಿ, "ಅಯ್ಯೋ, ಯಾರೋ ಕಾಲೇಜು ಹುಡುಗಿ ಬಂದಿದ್ದಾಳೆ ಅಂದ್ಕೊಂಡೆ ಕಣೆ ಕೋಕಿಲಾ!" ಎಂದರು. ಅಮ್ಮ ನಾಚಿಕೊಂಡು ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಳು. ಸೆರಗು ಇರಲಿಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಧೃತಿಗೆ ಸಮಾಧಾನವಾಯಿತು. ನೆನೆಸದಿದ್ದರೂ ಏನೂ ಆಗಲಿಲ್ಲವಲ್ಲ!

ಬೆಟ್ಟಕ್ಕೆ ಹೋಗಲು ಎರಡು ದಿನ ಇತ್ತು. ಸೀಮೆಸುಣ್ಣದ ಗೆರೆ ಹೋಗಲೆಂದು ಅಮ್ಮ ಚೂಡಿದಾರನ್ನು ಒಗೆದು ಒಣಹಾಕಿದಳು.

ಶನಿವಾರ ಬೆಳಿಗ್ಗೆ ಅದನ್ನು ಹಾಕಿ ನೋಡಲು ಹೋದ ಅಮ್ಮ ತುಂಬ ಹೊತ್ತು ಕೋಣೆಯಿಂದ ಹೊರಗೆ ಬರಲಿಲ್ಲ. ಧೃತಿ ಬಾಗಿಲು ತಳ್ಳಿ ನೋಡಿದಳು. ತೋಳು ಮೊಣಕೈಗಿಂತ ಮೇಲೆ ಹೋಗಿತ್ತು. ಬೆನ್ನು ಬಿಗಿದು ಕೊಕ್ಕೆ ಕೂಡುತ್ತಿರಲಿಲ್ಲ. ಅಮ್ಮ ಮೆಲ್ಲಗೆ ಮಂಡಿ ಬಗ್ಗಿಸಿದಳು. ಪೈಜಾಮದ ಹೊಲಿಗೆ ಟರ್ ಎಂದಿತು.

"ಇದೇನಾಯ್ತು?" ಅಮ್ಮ ಕನ್ನಡಿಯನ್ನೇ ಕೇಳಿದಳು.

ಅಪ್ಪ ಹೇಳಿದರು: "ಬಿಡು ಕೋಕಿಲಾ. ಗಾಂಧಿ ಬಜಾರಿಗೆ ಹೋಗಿ ಒಂದು ರೆಡಿಮೇಡ್ ತಂದ್ಬಿಡೋಣ. ಈಗಲೇ ನಡಿ."

"ಬೇಡಿ" ಎಂದಳು ಅಮ್ಮ. "ಹಾಕ್ಕೊಂಡ್ರೆ ಇದನ್ನೇ ಹಾಕ್ಕೋಬೇಕು ಅಂತಿತ್ತು. ಸೀರೇಲೇ ಹೋಗ್ತೀನಿ."

ಆಮೇಲೆ ಗ್ರಾಫ್ ಪುಸ್ತಕ ತೆಗೆದು, ನೀಲಿ ಚೂರಿನ ಪುಟದಲ್ಲಿ ಕೆಂಪು ಪೆನ್ನಿನಿಂದ ಏನೋ ಬರೆದಳು. ಅವಳು ಅಡುಗೆಮನೆಗೆ ಹೋದಮೇಲೆ ಧೃತಿ ಇಣುಕಿ ಓದಿದಳು. 'ನೆನೆಸಿದ ಬಟ್ಟೆ ಇಷ್ಟು ಕುಗ್ಗುವುದಿಲ್ಲ. ತೀರಾ ಬಿಗಿ ಅಳತೆಗೆ ಕತ್ತರಿಸಿದ್ದು ನನ್ನದೇ ತಪ್ಪು.'

ಧೃತಿ ಪುಸ್ತಕ ಮುಚ್ಚಿದಳು. ಈಗ ಹೇಳಿದರೆ ಏನು ಪ್ರಯೋಜನ? ಬಟ್ಟೆ ಮತ್ತೆ ದೊಡ್ಡದಾಗುತ್ತದೆಯೇ? ಹಾಗೆಂದುಕೊಂಡು ಸುಮ್ಮನಿದ್ದಳು. ಸುಮ್ಮನಿರುವುದು ಸುಲಭವಾಗಿದ್ದರಿಂದಲೇ ಹಾಗೆಂದುಕೊಂಡದ್ದು ಎಂಬುದೂ ಅವಳಿಗೆ ಗೊತ್ತಿತ್ತು.

ಭಾನುವಾರ ಸಂಜೆ ಅಮ್ಮ ಬಂದಳು. ಸೀರೆಯ ಅಂಚು ಕೆಸರಾಗಿ, ಒಂದು ಕಡೆ ಹರಿದಿತ್ತು.

"ತುದಿ ಮುಟ್ಟಿದ್ಯಾ?" ಅಜ್ಜಿ ಕೇಳಿದರು.

"ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋದೆ ಅತ್ತೆ. ಅಲ್ಲಿಂದ ಬಂಡೆ ತುಂಬ ಕಡಿದು. ಎರಡು ಸಲ ಸೀರೆ ಮೆಟ್ಟಿ ಜಾರಿದೆ. ಯಾಕೆ ಬೇಕು ಅಂತ ಕೂತ್ಕೊಂಡೆ." ಅಮ್ಮ ಕಾಲು ನೀವಿಕೊಳ್ಳುತ್ತ ನಕ್ಕಳು. "ಎಲ್ಲರ ಬ್ಯಾಗೂ ನನ್ನ ಹತ್ರಾನೇ ಇತ್ತು. ಕೋತಿಗಳು ಬೇರೆ. ಒಂದಂತೂ ಸರ್ವಮಂಗಳಾ ತಂದಿದ್ದ ಚಪಾತಿ ಡಬ್ಬಿಗೇ ಕೈ ಹಾಕ್ತು!"

ಅಪ್ಪ ನಕ್ಕರು. ಅಮ್ಮ ಸೀರೆಯ ಹರಿದ ಅಂಚನ್ನು ಮಡಿಸುತ್ತ ಹೇಳಿದಳು: "ತುದಿಗೆ ಹೋದಮೇಲೆ ಎಲ್ಲರೂ ನನ್ನ ಹೆಸರು ಹಿಡಿದು ಕೂಗಿದರು. ಕೇಳಿಸ್ತು. ಯಾರೂ ಕಾಣಿಸ್ಲಿಲ್ಲ."

ಧೃತಿ ಅಲ್ಲಿಂದ ಎದ್ದು ಹೋದಳು.

ಮಂಗಳವಾರ ಅವಳು ಸ್ಕೂಲಿನಿಂದ ಬಂದಾಗ ಅಮ್ಮ ಟ್ರಂಕಿನ ಮುಂದೆ ಕೂತಿದ್ದಳು. ಉಳಿದಿದ್ದ ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗಮ್ಮ?"

"ಟೈಲರ್ ಮರಿಯಣ್ಣನಿಗೆ ಕೊಟ್ಬಿಡ್ತೀನಿ. ನಿನ್ನ ಲಂಗಾನೂ ಅವರೇ ಹೊಲೀಲಿ."

"ನೀನೇ ಹೊಲೀತೀನಿ ಅಂದಿದ್ದೆ! ಯುಗಾದಿವರೆಗೂ ಅಂದಿದ್ದೆ!"

"ಅಂದಿದ್ದೆ." ಅಮ್ಮ ಚೀಲದ ಬಾಯಿ ಕಟ್ಟಿದಳು. "ಎರಡು ಸಲ ಅಳೆದೂ ಇಷ್ಟು ತಪ್ಪಿದೀನಿ ಅಂದ್ರೆ ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡು. ಸುಮ್ನೆ ಒಳ್ಳೆ ಬಟ್ಟೆ ಹಾಳು."

ಧೃತಿ ಬೆನ್ನ ಮೇಲಿನ ಸ್ಕೂಲ್ ಬ್ಯಾಗನ್ನು ಇಳಿಸಲೂ ಇಲ್ಲ.

"ನಿಂದು ತಪ್ಪಿಲ್ಲಮ್ಮ."

"ಏನು?"

"ಅವತ್ತು ನಾನು ನೆನೆಸ್ಲಿಲ್ಲ. ನೀಲಿ ಬಟ್ಟೇನ. ಆರಾಧನಾ ಸೈಕಲ್ ತಂದಿದ್ಲು. ಸುಮ್ನೆ ನೀರು ಚಿಮುಕಿಸಿ ತಂತಿ ಮೇಲೆ ಹಾಕ್ದೆ. ಬಂದು ನೆನೆಸೋಣ ಅಂತಿದ್ದೆ. ಅಷ್ಟರಲ್ಲಿ ನೀನು ತೆಗೆದಿಟ್ಟಿದ್ದೆ."

ಅಮ್ಮ ಅವಳನ್ನೇ ನೋಡಿದಳು. ಬೈಗುಳಕ್ಕೆ ಕಾಯುತ್ತ ಧೃತಿ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಬೈಗುಳ ಬರಲಿಲ್ಲ. ಅಮ್ಮ ಎದ್ದು ಬೀರುವಿನಿಂದ ಚೂಡಿದಾರ್ ತೆಗೆದು ನೆಲದ ಮೇಲೆ ಹರಡಿದಳು. ಟೇಪು ಹಿಡಿದು ಉದ್ದ ಅಳೆದಳು. ಪುಸ್ತಕ ನೋಡಿದಳು.

"ನಲವತ್ತೆರಡು ಇಂಚು ಇಟ್ಟಿದ್ದೆ. ಈಗ ಮೂವತ್ತೊಂಬತ್ತು." ಸುತ್ತಳತೆಯನ್ನೂ ನೋಡಿದಳು. "ಸರಿಯಾಗೇ ಕತ್ತರಿಸಿದ್ದೆ" ಎಂದು ಮೆಲ್ಲಗೆ ತನಗೇ ಹೇಳಿಕೊಂಡಳು.

ಆಮೇಲೆ ತಲೆ ಎತ್ತದೆ ಕೇಳಿದಳು: "ಶನಿವಾರವೇ ಗೊತ್ತಿತ್ತಾ ನಿಂಗೆ? ನಾನು ಕನ್ನಡಿ ಮುಂದೆ ನಿಂತಿದ್ದಾಗ?"

"ಹೂಂ."

"ಬೆಟ್ಟದ ಮೇಲೆ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ ಕಣೆ. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

"ಸಾರಿ ಅಮ್ಮ."

"ಹೂಂ" ಎಂದಳು ಅಮ್ಮ. ಕೆಂಪು ಅಕ್ಷರಗಳ ಮೇಲೆ ಒಂದು ಗೆರೆ ಎಳೆದಳು. ಚೀಲ ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಟ್ರಂಕಿಗೆ ವಾಪಸ್ ಜೋಡಿಸಿದಳು. "ಕೈಕಾಲು ತೊಳ್ಕೊಂಡು ಬಾ. ಅವಲಕ್ಕಿ ಕಲಸಿಟ್ಟಿದೀನಿ."

ಧೃತಿ ಅವಲಕ್ಕಿಯನ್ನು ತಟ್ಟೆಯಲ್ಲೇ ಆಡಿಸುತ್ತ ಕೂತಳು. ಅಮ್ಮ ಗಟ್ಟಿಯಾಗಿ ಬೈದಿದ್ದರೆ ಇಷ್ಟು ಹೊತ್ತಿಗೆ ಅದು ಮುಗಿದಾದರೂ ಹೋಗಿರುತ್ತಿತ್ತು.

ಮುಂದಿನ ಶನಿವಾರ ಸಂಕ್ರಾಂತಿಯ ಲಂಗದ ಬಟ್ಟೆಯ ಸರದಿ. ಧೃತಿ ಬೇಗ ಎದ್ದು ಹಿತ್ತಲಿಗೆ ಬಂದಳು. ಅಮ್ಮ ಆಗಲೇ ನೀರು ಸೇದಿ, ಬಟ್ಟೆಯನ್ನು ಬಕೆಟ್ಟಿಗೆ ಹಾಕಿಬಿಟ್ಟಿದ್ದಳು.

"ನಾನು ಮಾಡ್ತೀನಮ್ಮ."

"ಆಯ್ತು ಪುಟ್ಟಾ, ಹಾಕಾಯ್ತು. ನೀನು ಹೋಗಿ ಹಲ್ಲುಜ್ಜು."

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದೆಯೇನೋ ಎಂದು ಧೃತಿ ಹುಡುಕಿ ನೋಡಿದಳು. ಇರಲಿಲ್ಲ.

ಅವಳು ಹಲ್ಲುಜ್ಜಿ ಬಂದು, ಮಣೆ ಹಾಕಿಕೊಂಡು ಬಕೆಟ್ಟಿನ ಪಕ್ಕ ಕೂತಳು. ಬಟ್ಟೆ ಉಬ್ಬಿ ಮೇಲೆ ಬಂದಾಗಲೆಲ್ಲ ಎರಡೂ ಅಂಗೈಯಿಂದ ಒತ್ತಿದಳು. ಡಿಸೆಂಬರಿನ ತಣ್ಣೀರಿಗೆ ಬೆರಳು ಮರಗಟ್ಟಿದವು. ಗೇಟಿನ ಹತ್ತಿರ ಆರಾಧನಾ ಕೂಗಿದಳು. ಧೃತಿ ಬರಲ್ಲ ಎಂದು ಕೈ ಆಡಿಸಿದಳು.

ಅರ್ಧ ಗಂಟೆಯ ಮೇಲೆ ಅಮ್ಮ ಅಡುಗೆಮನೆಯಿಂದ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ, ಮೊಣಕೈವರೆಗೂ ನೀರಿನೊಳಗೆ ಕೈ ಇಳಿಸಿದಳು. ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ತಡವಿ, ತಳದವರೆಗೂ ನೋಡಿದಳು.

ಧೃತಿ ಅಮ್ಮನಿಗೆ ಜಾಗ ಬಿಟ್ಟು, ಮಣೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು.